ಗ್ಯಾರೇಜ್ ಕಟ್ಟೆ: ಹೊಗೆ ಕಂಡ ಕೂಡಲೇ ಬೋರ್ ಮಾಡಿಸಬೇಡಿ

ಹಳೇ ಬೈಕು ಮನೆಯಲ್ಲೇ ಬಿಚ್ಚಿ ಕಟ್ಟುವವರು ಪತ್ರ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರ ನೋಡಿದರೆ ಮುಕ್ಕಾಲು ಪಾಲು ಜಾವಾ, ಯೆಜ್ಡಿ. ಆಶ್ಚರ್ಯ ಏನಿಲ್ಲ. ಐಡಿಯಲ್ ಜಾವಾ ಕಂಪನಿ 1960ರಲ್ಲಿ ಹುಟ್ಟಿದ್ದು ಮೈಸೂರಲ್ಲಿ, ಯಾದವಗಿರಿಯಲ್ಲಿ. 1973ರಿಂದ ಯೆಜ್ಡಿ ಅಂತ ಹೆಸರಾಯ್ತು, 1996ರಲ್ಲಿ ಬಾಗಿಲು ಹಾಕಿತು. ಫ್ಯಾಕ್ಟರಿ ಹೋದರೂ ನಮ್ಮ ಕಡೆ ತೋಟದ ಮನೆಗಳಲ್ಲಿ ಗಾಡಿ ಉಳಿದುಕೊಂಡವು. ತುಮಕೂರಿನ ಗುಬ್ಬಿ ಗೇಟ್ ಹತ್ತಿರ 36 ವರ್ಷ ಸ್ಪ್ಯಾನರ್ ಹಿಡಿದವನು ನಾನು, ಗೊತ್ತಿರುವಷ್ಟು ಹೇಳ್ತೀನಿ.

ಪ್ರಶ್ನೆ: ನಮ್ಮ ತಂದೆಯ ಜಾವಾ ಕೊಬ್ಬರಿ ಅಟ್ಟದ ಕೆಳಗೆ 22 ವರ್ಷದಿಂದ ನಿಂತಿದೆ. ಕಿಕ್ ಅಲ್ಲಾಡುವುದೇ ಇಲ್ಲ. ಈ ಭಾನುವಾರ ಪೂರ್ತಿ ಬಿಚ್ಚಿಬಿಡೋಣ ಅಂತ ಅಣ್ಣ ತಮ್ಮ ಇಬ್ಬರೂ ತೀರ್ಮಾನ ಮಾಡಿದ್ದೇವೆ. ಎಲ್ಲಿಂದ ಶುರು ಮಾಡಬೇಕು?
(ಓದುಗರು, ಗುಬ್ಬಿ ತಾಲ್ಲೂಕು)

ಭಾನುವಾರ ಬೇರೆ ಏನಾದರೂ ಕೆಲಸ ಇಟ್ಕೊಳ್ಳಿ. ಒಂದೇ ದಿನದಲ್ಲಿ ಬಿಚ್ಚಿದ ಗಾಡಿ ಮೂರು ವರ್ಷ ಗೋಣಿಚೀಲದಲ್ಲಿ ಇರುತ್ತೆ. ಅಂಥ ಗೋಣಿಚೀಲ ನನ್ನ ಗ್ಯಾರೇಜಿಗೆ ಎಷ್ಟು ಬಂದಿವೆಯೋ ಲೆಕ್ಕ ಇಟ್ಟಿಲ್ಲ. ಅದರಲ್ಲಿ ಯಾವಾಗಲೂ ಎರಡು ನಟ್ಟು ಜಾಸ್ತಿ, ಒಂದು ಮುಖ್ಯವಾದದ್ದು ಕಮ್ಮಿ.

ಮೊದಲು ಕಿಕ್ ಮೇಲೆ ಹತ್ತಿ ಕುಣಿಯೋದು ನಿಲ್ಲಿಸಿ. ಜಾವಾದಲ್ಲಿ ಕಿಕ್ಕೂ ಗೇರೂ ಒಂದೇ ಲಿವರ್ ಅನ್ನೋದು ನಿಮ್ಮ ತಂದೆ ತೋರಿಸಿಯೇ ಇರ್ತಾರೆ. ಪಿಸ್ಟನ್ ಸಿಲಿಂಡರಿಗೆ ಅಂಟಿ ಹಿಡಿದಿರುವಾಗ ಆ ಲಿವರ್ ತುಳಿದರೆ ಒಳಗಿನ ಹಲ್ಲು ಮುರಿಯುತ್ತೆ. ಆಮೇಲೆ ಪಿಸ್ಟನ್ ಬಿಟ್ಟುಕೊಂಡರೂ ಕಿಕ್ ಹೊಡೆಯೋಕೆ ಆಗಲ್ಲ. ಪ್ಲಗ್ ಬಿಚ್ಚಿ, ಆ ತೂತಲ್ಲಿ ಅರ್ಧ ಲೋಟ ಡೀಸೆಲ್, ಜೊತೆಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಬಟ್ಟೆ ತುರುಕಿ ಮನೆಗೆ ಹೋಗಿ. ಒಂದು ವಾರ. ಡೀಸೆಲ್ ಇಳಿದುಹೋದರೆ ಇನ್ನಷ್ಟು ಬಿಡಿ. ವಾರ ಆದಮೇಲೆ ನಾಲ್ಕನೇ ಗೇರ್ ಹಾಕಿ, ಹಿಂದಿನ ಚಕ್ರ ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಹಿಂದಕ್ಕೆ ತೊಟ್ಟಿಲು ತೂಗಿದ ಹಾಗೆ ತೂಗಿ. ಒಂದು ಕೂದಲೆಳೆ ಅಲ್ಲಾಡಿತು ಅಂದರೆ ಗೆದ್ದಿರಿ ಅಂತಲೇ. ಅಲ್ಲಾಡಲಿಲ್ಲವೋ, ಇನ್ನೊಂದು ವಾರ ಡೀಸೆಲ್. ಸುತ್ತಿಗೆ ಮಾತ್ರ ಮುಟ್ಟಬೇಡಿ. ಸಿಲಿಂಡರಿನ ಸುತ್ತ ಇರುವ ರೆಕ್ಕೆ ಬಿಸ್ಕತ್ತಿನ ಹಾಗೆ ಮುರಿಯುತ್ತೆ.

ಆ ಎರಡು ವಾರ ಸುಮ್ಮನೆ ಕೂರಬೇಕಿಲ್ಲ. ಸೈಲೆನ್ಸರ್ ಎರಡೂ ಬಿಚ್ಚಿ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ನಮ್ಮ ಕಡೆ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಸೈಲೆನ್ಸರಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುತ್ತೆ. ಕೊರಟಗೆರೆ ಕಡೆಯ ಒಂದು ಗಾಡಿಗೆ ನಾನು ಕಾರ್ಬುರೇಟರು, ಕಾಯಿಲು, ಪಾಯಿಂಟು ಎಲ್ಲಾ ನೋಡಿ ಎರಡು ದಿನ ಒದ್ದಾಡಿದ್ದೆ. ಸ್ಟಾರ್ಟ್ ಆಗೋದು, ಮೂರು ಉಸಿರಿಗೆ ಸಾಯೋದು. ಮೂರನೇ ದಿನ ಸೈಲೆನ್ಸರ್ ಬಡಿದರೆ ಒಂದು ಮುಷ್ಟಿ ಮಣ್ಣು ಬಿತ್ತು.

ಇನ್ನು ಟ್ಯಾಂಕು. ಒಳಗೆ ತುಕ್ಕು ಇದ್ದೇ ಇರುತ್ತೆ. ಬಚ್ಚಲು ತೊಳೆಯುವ ಆಸಿಡ್ ಹಾಕಿ ಅಂತ ಹತ್ತು ಜನ ಹೇಳ್ತಾರೆ. ಅದು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತೆ, ಬೆಸುಗೆ ಜಾಗದಲ್ಲಿ ಸೂಜಿ ತೂತು ಬೀಳುತ್ತೆ. ತುಮಕೂರಿನವರಿಗೆ ಹುಣಸೆಹಣ್ಣಿಗೆ ಬರವೇ? ಎರಡು ಕೆ.ಜಿ. ಹಳೇ ಹುಣಸೆಹಣ್ಣು ಬಿಸಿನೀರಲ್ಲಿ ಕಿವುಚಿ, ಪಂಚೆ ಬಟ್ಟೆಯಲ್ಲಿ ಸೋಸಿ, ಟ್ಯಾಂಕಿನ ಬಾಯಿಮಟ್ಟ ತುಂಬಿ. ಪೆಟ್ರೋಲ್ ಕಾಕ್ ಮೊದಲೇ ಬಿಚ್ಚಿ ಆ ತೂತಿಗೆ ಬೆಣೆ ಹೊಡೆದಿರಬೇಕು. ಎರಡು ದಿನ ಬಿಟ್ಟು ಚೆಲ್ಲಿ. ಅರ್ಧ ನೀರು, ಒಂದು ಹಿಡಿ ಸಣ್ಣ ನಟ್ಟು ಹಾಕಿ ಕುಲುಕಿ. ಆಮೇಲೆ ಅಡುಗೆ ಸೋಡಾ ಕದಡಿದ ನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿ. ಒಣಗಿದ ಕೂಡಲೇ ಟೂ-ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಆಯಿಲ್) ಸುರಿದು ಒಳಗೆಲ್ಲಾ ಓಡಾಡಿಸಬೇಕು. ಆ ಹೊತ್ತಲ್ಲಿ ಟೀ ಕುಡಿಯೋಕೆ ಹೋದರೆ, ವಾಪಸ್ ಬರುವಷ್ಟರಲ್ಲಿ ಹೊಸ ತುಕ್ಕು ಹಳದಿಯಾಗಿ ಕೂತಿರುತ್ತೆ.

ಇಷ್ಟೂ ಆಗಿ, ಎಂಜಿನ್ ಒಂದು ಸಲ ಅದರ ಹಳೇ ರೂಪದಲ್ಲೇ ಉಸಿರಾಡಲಿ. ಆಮೇಲೆ ಬಿಚ್ಚಿ. ಯಾವುದು ಕೆಟ್ಟಿದೆ ಅನ್ನೋದನ್ನ ಓಡುವ ಗಾಡಿ ತಾನೇ ಹೇಳುತ್ತೆ. ಬಿಚ್ಚುವಾಗ ಪ್ರತಿ ಭಾಗಕ್ಕೂ ಮೊಬೈಲಲ್ಲಿ ಫೋಟೋ ಇರಲಿ. ನಟ್ಟು ಬೋಲ್ಟು ಬಿಚ್ಚಿದ ಜಾಗಕ್ಕೇ ಎರಡು ಸುತ್ತು ತಿರುಗಿಸಿಟ್ಟರೆ ಡಬ್ಬದ ಗೊಡವೆಯೇ ಬೇಡ.

ಪ್ರಶ್ನೆ: ಯೆಜ್ಡಿ ವಿಪರೀತ ಬಿಳಿ ಹೊಗೆ ಬಿಡುತ್ತದೆ. ಎರಡು ಸಲ ಬೋರ್ ಮಾಡಿಸಿ (ಸಿಲಿಂಡರ್ ಒಳಗೆ ಕೊರೆದು ಅಗಲ ಮಾಡಿಸಿ) ಹೊಸ ಪಿಸ್ಟನ್ ಹಾಕಿಸಿದೆ. ಹೊಗೆ ಹಾಗೇ ಇದೆ. ಈಗ ಮೂರನೇ ಸಲ ಮಾಡಿಸಿ ಎನ್ನುತ್ತಿದ್ದಾರೆ.
(ಓದುಗರು, ಮಧುಗಿರಿ)

ಮೂರನೇ ಸಲ ಮಾಡಿಸಬೇಡಿ. ನಿಮ್ಮ ಮೆಕ್ಯಾನಿಕ್ಕನ್ನ ಬೈಯುವ ಯೋಗ್ಯತೆ ನನಗಿಲ್ಲ. ಗ್ಯಾರೇಜ್ ಶುರು ಮಾಡಿದ ಹೊಸದರಲ್ಲಿ ನಾನೂ ಇದೇ ತಪ್ಪು ಮಾಡಿದವನು. ಕುಣಿಗಲ್ ಕಡೆಯ ಒಬ್ಬ ಮೇಷ್ಟ್ರ ಯೆಜ್ಡಿ. ಹೊಗೆ ನೋಡಿದೆ, ಪಿಸ್ಟನ್ ರಿಂಗ್ ಹೋಗಿದೆ ಅಂದೆ, 0.50 ಮಿ.ಮೀ. ಬೋರ್ ಮಾಡಿಸಿ ಕೊಟ್ಟೆ. ಮೂರನೇ ದಿನ ವಾಪಸ್ ಬಂದರು, ಒಂದು ಮಾತೂ ಆಡಲಿಲ್ಲ. ಗಾಡಿ ಸ್ಟ್ಯಾಂಡ್ ಹಾಕಿ, ಸ್ಟಾರ್ಟ್ ಮಾಡಿ, ಪಕ್ಕದ ಹೋಟ್ಲಿಗೆ ಹೋಗಿ ಕೂತರು. ರಸ್ತೆ ಆಚೆ ಕಡೆ ಅಂಗಡಿಯವನು ಏನಯ್ಯಾ ಹೊಗೆಸೊಪ್ಪು ಸುಡ್ತಿದೀಯಾ ಅಂದ. ಆಮೇಲೆ ಗೇರ್ ಆಯಿಲ್ ಬೋಲ್ಟ್ ಬಿಚ್ಚಿದೆ. ನಾನೇ ಒಂದು ಲೀಟರ್ ಹಾಕಿದ್ದು, ಅರ್ಧ ಲೀಟರೂ ಇಳಿಯಲಿಲ್ಲ. ಹೊರಗೆ ಎಲ್ಲೂ ಲೀಕ್ ಇಲ್ಲ. ಹಾಗಾದರೆ ಎಲ್ಲಿ ಹೋಯ್ತು? ಹೊಗೆಯಾಗಿ ಹೋಯ್ತು.

ಬುಲೆಟ್ಟಿನಂಥ ಫೋರ್ ಸ್ಟ್ರೋಕಿನಲ್ಲಿ ಹೊಗೆ ಬಂದರೆ ಮೊದಲು ರಿಂಗು, ಬೋರು ಅಂತ ಅನುಮಾನ ಪಡೋದು ಸರಿ. ಜಾವಾ, ಯೆಜ್ಡಿಯಂಥ ಟೂ ಸ್ಟ್ರೋಕ್ ಬೇರೆ ಜಾತಿ. ಇದರಲ್ಲಿ ರಿಂಗ್ ಸವೆದರೆ ಹೊಗೆ ಜಾಸ್ತಿ ಆಗಲ್ಲ, ಕಂಪ್ರೆಷನ್ ಹೋಗಿ ಎಳೆತ ಕಮ್ಮಿಯಾಗುತ್ತೆ, ದೇವರಾಯನದುರ್ಗ ಹತ್ತುವಾಗ ಗೊತ್ತಾಗುತ್ತೆ. ಪಿಸ್ಟನ್ ಮೇಲೆ ಹೋದಾಗಲೆಲ್ಲ ಕೆಳಗಿನ ಕ್ರ್ಯಾಂಕ್ ಕೋಣೆ ಉಸಿರು ಎಳೆದುಕೊಳ್ಳುತ್ತೆ. ಆ ಕೋಣೆಗೆ ಎರಡೂ ಪಕ್ಕ ಒಂದೊಂದು ಆಯಿಲ್ ಸೀಲ್ ಕಾವಲು. ಎಡಗಡೆ ಸೀಲಿನ ಆಚೆ ಕ್ಲಚ್ಚು, ಪ್ರೈಮರಿ ಚೈನು, ಗೇರ್ ಆಯಿಲ್. ಆ ಸೀಲ್ ಒಣಗಿ ಗಟ್ಟಿಯಾದರೆ ಉಸಿರಿನ ಜೊತೆ ಗೇರ್ ಆಯಿಲೂ ಒಳಗೆ ಬರುತ್ತೆ, ಉರಿಯುತ್ತೆ. ನಿಮ್ಮದು ಇದೇ. ಬಲಗಡೆ, ಡೈನಮೋ ಪಕ್ಕದ ಸೀಲ್ ಹೋದರೆ ಹೊಗೆ ಬರಲ್ಲ. ಬರೀ ಗಾಳಿ ಎಳೆಯುತ್ತೆ. ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯಲ್ಲ, ಎಂಜಿನ್ ಕಾದು ಪಿಸ್ಟನ್ ಹಿಡಿಯುತ್ತೆ. ನನ್ನ ಕೇಳಿದರೆ ಅದು ಹೊಗೆಗಿಂತ ಕೆಟ್ಟದ್ದು, ಕಣ್ಣಿಗೆ ಕಾಣಲ್ಲವಲ್ಲ.

ಖಾತ್ರಿ ಮಾಡಿಕೊಳ್ಳಿ: ಗೇರ್ ಆಯಿಲ್ ಪೂರ್ತಿ ಇಳಿಸಿ, ಅಳೆದು ಹೊಸದು ಹಾಕಿ, 200 ಕಿ.ಮೀ. ಓಡಿಸಿ, ಮತ್ತೆ ಇಳಿಸಿ ಅಳೆಯಿರಿ. ಕಮ್ಮಿ ಇದ್ದರೆ ಸೀಲ್ ಬದಲಾಯಿಸಿ, ಎರಡೂ ಒಟ್ಟಿಗೆ. ಸೀಲ್ ಬೆಲೆ ನೋಡಿದರೆ ಬೋರಿಗೆ ಕೊಟ್ಟ ದುಡ್ಡು ನೆನೆದು ಹೊಟ್ಟೆ ಉರಿಯುತ್ತೆ. ಹೋದದ್ದು ದುಡ್ಡು ಮಾತ್ರ ಅಲ್ಲ. 65 ಮಿ.ಮೀ. ಬೋರನ್ನ ಅಗಲ ಮಾಡೋಕೆ 0.25, 0.50, 0.75, 1.00 ಮಿ.ಮೀ. ಅಂತ ನಾಲ್ಕೇ ಮೆಟ್ಟಿಲು. ನೀವು ಎರಡು ಮೆಟ್ಟಿಲು ಸುಮ್ಮನೆ ಹತ್ತಿದಿರಿ. ಮೇಷ್ಟ್ರಿಗೆ ನಾನು ಬೋರಿನ ದುಡ್ಡು ವಾಪಸ್ ಕೊಟ್ಟೆ, ಕಳೆದ ಮೆಟ್ಟಿಲು ಕೊಡೋಕಾಗಲಿಲ್ಲ.

ಪ್ರಶ್ನೆ: ಚಾಸಿ, ಮಡ್‌ಗಾರ್ಡ್ ಎಲ್ಲಾ ಪೌಡರ್ ಕೋಟಿಂಗ್ ಮಾಡಿಸಿ ಹೊಸ ವೈರಿಂಗ್ ಹಾಕಿದೆ. ಮೊದಲು ಚೆನ್ನಾಗಿ ಉರಿಯುತ್ತಿದ್ದ ಹೆಡ್‌ಲೈಟ್ ಈಗ ಮಿಣುಕುಹುಳ. ಹಾರ್ನ್ ಒತ್ತಿದರೆ ಅದೂ ಆರುತ್ತದೆ.
(ಓದುಗರು, ಚಿಂತಾಮಣಿ)

ಅಂದ ಜಾಸ್ತಿಯಾಯ್ತು, ಅರ್ತಿಂಗ್ ಹೋಯ್ತು. ಹಳೇ ಗಾಡಿಯಲ್ಲಿ ಕರೆಂಟ್ ವಾಪಸ್ ಹೋಗೋದು ಚಾಸಿಯ ಕಬ್ಬಿಣದ ಮೂಲಕ. ಪೌಡರ್ ಕೋಟಿಂಗ್ ಅಂದರೆ ಪ್ಲಾಸ್ಟಿಕ್ ಕೋಟು ತೊಡಿಸಿದ ಹಾಗೆ, ಕರೆಂಟಿಗೆ ಬಾಗಿಲು ಹಾಕಿದಿರಿ. ಬರೀ ಆರು ವೋಲ್ಟಿನ ಗಾಡಿ, ಅದರಲ್ಲಿ ಅರ್ಧ ವೋಲ್ಟ್ ದಾರಿಯಲ್ಲೇ ಸೋರಿದರೆ ಉಳಿಯೋದು ಏನು? ಬ್ಯಾಟರಿ ಅರ್ತ್ ಬೋಲ್ಟ್ ಕೂರುವ ಜಾಗ, ಎಂಜಿನ್ ಕೂರುವ ಬೋಲ್ಟಿನ ಜಾಗ, ಹೆಡ್‌ಲೈಟ್ ಹಿಡಿದಿರುವ ಜಾಗ, ಈ ಮೂರು ಕಡೆ ಎಂಟಾಣೆ ಅಗಲ ಬಣ್ಣ ಕೆರೆದು ಕಬ್ಬಿಣ ಹೊಳೆಯುವ ಹಾಗೆ ಮಾಡಿ, ಬಿಗಿದ ಮೇಲೆ ಗ್ರೀಸ್ ಸವರಿ. ಬ್ಯಾಟರಿಯ ಅರ್ತ್ ಕಡೆಯಿಂದ ಎಂಜಿನ್ನಿಗೆ ಒಂದು ದಪ್ಪ ವೈರ್ ನೇರ ಎಳೆದುಬಿಡಿ. ಸಾವಿರ ಕೊಟ್ಟು ಹೊಸ ಕಾಯಿಲ್ ತರುವ ಮುಂಚೆ ಇಷ್ಟು ಮಾಡಿ.

ಪ್ರಶ್ನೆ: ಈಗಿನ ಎಥನಾಲ್ ಪೆಟ್ರೋಲ್ ಹಳೇ ಟೂ ಸ್ಟ್ರೋಕಿಗೆ ಆಗುತ್ತದೆಯೇ? ಆಯಿಲ್ ಎಷ್ಟು ಹಾಕಬೇಕು?
(ಓದುಗರು, ಕೋಲಾರ)

ಬಂಕಲ್ಲಿ ಸಿಗೋದೇ ಶೇ. 20ರದ್ದು. ಎಥನಾಲ್ ಗಾಳಿಯ ತೇವ ಹೀರುತ್ತೆ. ತಿಂಗಳುಗಟ್ಟಲೆ ನಿಲ್ಲಿಸಿದರೆ ನೀರು ತಳಕ್ಕೆ ಇಳಿದು ಟ್ಯಾಂಕು ತುಕ್ಕು ಹಿಡಿಯುತ್ತೆ. ನಿಲ್ಲಿಸುವ ಮುಂಚೆ ಟ್ಯಾಂಕು, ಕಾರ್ಬುರೇಟರು ಖಾಲಿ ಮಾಡಿ. ಹಳೇ ರಬ್ಬರ್ ಪೈಪು ಊದಿಕೊಂಡು ಪುಡಿಯಾಗುತ್ತೆ, ಎಥನಾಲ್ ತಡೆಯುವ ಪೈಪು ಕೇಳಿ ಹಾಕಿಸಿ. ಗಾಳಿ-ಪೆಟ್ರೋಲ್ ಮಿಶ್ರಣ ತೆಳುವಾಗೋದರಿಂದ ಪ್ಲಗ್ ಬಿಚ್ಚಿ ಬಣ್ಣ ನೋಡ್ತಾ ಇರಿ. ಅಚ್ಚುಬೆಲ್ಲದ ಬಣ್ಣ ಇದ್ದರೆ ಕ್ಷೇಮ. ಸುಣ್ಣದ ಹಾಗೆ ಬಿಳಿ ಇದ್ದರೆ ಕಾರ್ಬುರೇಟರಿನ ಮೇನ್ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತಿನ ಭಾಗ) ಒಂದು ಸೈಜ್ ದೊಡ್ಡದು ಹಾಕಿ. ಆಯಿಲ್ ಹಳೇ ಲೆಕ್ಕ ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಈಗಿನ ಒಳ್ಳೇ ಟೂ-ಟಿ ಆಯಿಲಿಗೆ ನಾನು 35 ಹಾಕ್ತೀನಿ. ಹೊಸ ಪಿಸ್ಟನ್ ಆದರೆ ಮೊದಲ 500 ಕಿ.ಮೀ. 40ಕ್ಕೆ ಕಮ್ಮಿ ಬೇಡ.

ಪ್ರಶ್ನೆ: 1972ರ ಜಾವಾ. ಆರ್‌ಸಿ ತೀರಿಕೊಂಡ ತಾತನ ಹೆಸರಲ್ಲಿದೆ. ವಿಂಟೇಜ್ ನಂಬರ್ ಮಾಡಿಸಿದರೆ ಸುಲಭ ಎನ್ನುತ್ತಾರೆ, ನಿಜವೇ?
(ಓದುಗರು, ಗೌರಿಬಿದನೂರು)

ಓಡಿಸುವ ಆಸೆ ಇದ್ದರೆ ಬೇಡ. 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರದ ನಂಬರ್ ಕೊಡ್ತಾರೆ, ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಆ ಗಾಡಿಯನ್ನ ದಿನನಿತ್ಯ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕೆ ಮಾತ್ರ. ತಾತನ ಹಳೇ ಮೈಸೂರು ರಾಜ್ಯದ ಕಾಲದ ‘ಎಂವೈ’ ನಂಬರಿನ ಮೇಲೆ ನಂದಿ ಬೆಟ್ಟಕ್ಕೆ ಹೋಗೋದು ಬಿಟ್ಟು ಅದೇಕೆ? ಮರಣ ಪ್ರಮಾಣಪತ್ರ, ವಾರಸುದಾರರ ಒಪ್ಪಿಗೆ ಜೊತೆ ಫಾರಂ 31 ಕೊಟ್ಟು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಫಾರಂ 25ರಲ್ಲಿ ನವೀಕರಣ. ಆರ್‌ಟಿಒ ಕಚೇರಿಗೆ ಹೋಗುವ ಮುಂಚೆ ಒಂದು ಕೆಲಸ: ಆರ್‌ಸಿಯಲ್ಲಿರುವ ಎಂಜಿನ್ ನಂಬರ್, ಚಾಸಿ ನಂಬರ್ ಗಾಡಿಯ ಮೇಲಿನದಕ್ಕೆ ತಾಳೆ ಆಗುತ್ತಾ ನೋಡಿ. ಐವತ್ತು ವರ್ಷದಲ್ಲಿ ಎಂಜಿನ್ ಬದಲಾದ ಗಾಡಿ ಬೇಕಾದಷ್ಟಿವೆ. ಚಾಸಿ ನಂಬರ್ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯಬೇಡಿ ಅಂತ ಪೇಂಟರಿಗೆ ಎರಡು ಸಲ ಹೇಳಿ.

ಪ್ರಶ್ನೆ: ನಮ್ಮ ಯಜಮಾನರು ರಿಟೈರ್ ಆದಮೇಲೆ ಯೆಜ್ಡಿ ಹುಚ್ಚು ಹಿಡಿದಿದೆ. ಮೊನ್ನೆ ಎಂಜಿನ್ನಿನ ಅರ್ಧ ಭಾಗವನ್ನು ನನ್ನ ರೊಟ್ಟಿ ಹೆಂಚಿನ ಮೇಲೆ ಬಿಸಿಗಿಟ್ಟು, ಬೇರಿಂಗನ್ನು ಫ್ರೀಜರಿನಲ್ಲಿ ಅವರೆಕಾಳಿನ ಪಕ್ಕ ಇಟ್ಟಿದ್ದರು. ಕೇಳಿದರೆ ಪದ್ಧತಿಯೇ ಹೀಗೆ ಎನ್ನುತ್ತಾರೆ.
(ಒಬ್ಬ ಗೃಹಿಣಿ, ಕ್ಯಾತ್ಸಂದ್ರ)

ತಾಯಿ, ಬೇಜಾರು ಮಾಡ್ಕೋಬೇಡಿ, ಪದ್ಧತಿ ಹಾಗೇ. ಎಂಜಿನ್ ಕೇಸು ಅಲ್ಯೂಮಿನಿಯಂ, ಬೇರಿಂಗ್ ಉಕ್ಕು. ಕಾಸಿದರೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತೆ. 62 ಮಿ.ಮೀ. ಅಗಲದ ಗುಂಡಿ 80 ಡಿಗ್ರಿ ಬಿಸಿ ಏರಿದರೆ ಹತ್ತನೇ ಒಂದು ಮಿ.ಮೀ. ದೊಡ್ಡದಾಗುತ್ತೆ, ತಣ್ಣಗಿನ ಬೇರಿಂಗ್ ಇಡ್ಲಿ ತಟ್ಟೆಗೆ ಕೂತ ಹಾಗೆ ತಾನೇ ಇಳಿದು ‘ಟಕ್’ ಅನ್ನುತ್ತೆ. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದರೆ ಗುಂಡಿ ಕೆಡುತ್ತೆ, ಬೇರಿಂಗ್ ಒಳಗಿನ ಗೋಲಿಗೂ ಪೆಟ್ಟು. ಕೇಸಿನ ಮೇಲೆ ನೀರಿನ ಹನಿ ಚಿಮುಕಿಸಿದರೆ ದೋಸೆ ಕಾವಲಿ ಹಾಗೆ ಚುಂಯ್ ಅನ್ನಬೇಕು, ಅಷ್ಟು ಸಾಕು. ಈ ಹದ ನೋಡೋದು ಅವರಿಗಿಂತ ನಿಮಗೇ ಚೆನ್ನಾಗಿ ಬರುತ್ತೆ, ಮುಂದಿನ ಸಲ ಪಕ್ಕದಲ್ಲಿ ನಿಂತು ನೀವೇ ಹೇಳಿ.

ಕೇಸು ಡೀಸೆಲ್‌ನಲ್ಲಿ ತೊಳೆದದ್ದಾದರೆ ಪೂರ್ತಿ ಒಣಗದೆ ಒಲೆ ಹತ್ತಿರ ತರೋಕೆ ಬಿಡಬೇಡಿ. ಆ ಹೆಂಚಲ್ಲಿ ಮತ್ತೆ ರೊಟ್ಟಿ ಬೇಡ, ಎಣ್ಣೆ ವಾಸನೆ ಹೋಗಲ್ಲ. ಅದನ್ನ ಗಾಡಿಗೇ ಬಿಟ್ಟುಕೊಟ್ಟು, ಹೊಸ ಹೆಂಚಿನ ದುಡ್ಡು ಯಜಮಾನರ ಸ್ಪೇರ್ ಪಾರ್ಟ್ಸ್ ಚೀಟಿಯಲ್ಲಿ ಸೇರಿಸಿಬಿಡಿ.