ಕ್ಲೇಯಲ್ಲಿ ಮಾಡಿದ ಪುಟ್ಟ ಡೋನಟ್, ಕೇಕ್ ಆಟಿಕೆ ತರ ಕಾಣುತ್ತಿವೆ. ನಿಜವಾದ ತಿಂಡಿಯಂತೆ ಕಾಣಲು ಏನು ಮಾಡಬೇಕು?

ನೀವು ಕೇಳಿರುವುದು ಎರಡು ವಿಷಯ. ಫೋಟೋ ಫ್ರೇಮ್, ಪುಟ್ಟ ಡಬ್ಬಿ, ಕೀಚೈನ್‌ಗಳಿಗೆ ಹಾಕಲು ಡೋನಟ್, ಕುಕೀ, ಕೇಕ್ ತುಂಡು ಮಾಡುತ್ತಿದ್ದೀರಿ, ಆಕಾರ ಚೆನ್ನಾಗಿಯೇ ಬರುತ್ತಿದೆ, ಆದರೂ ನೋಡಿದ ತಕ್ಷಣ ಪ್ಲಾಸ್ಟಿಕ್ ಆಟಿಕೆ ಅನ್ನಿಸುತ್ತದೆ, ಯಾಕೆ ಅಂತ. ಬೇರೆ ಕ್ಲೇ ತಗೊಂಡರೆ ಸರಿಹೋಗುತ್ತದಾ ಅಂತ ಇನ್ನೊಂದು. ಎರಡನೆಯದಕ್ಕೆ ಉತ್ತರ ಚಿಕ್ಕದು: ಇಲ್ಲ. ತೊಂದರೆ ಇರುವುದು ಕ್ಲೇಯಲ್ಲಿ ಅಲ್ಲ, ಆಕಾರದಲ್ಲೂ ಅಲ್ಲ. ಮೇಲ್ಮೈಯಲ್ಲಿ.

ಒಂದು ನಿಜವಾದ ಡೋನಟ್ ಕೈಗೆ ತಗೊಂಡು ಪಕ್ಕದಿಂದ ನೋಡಿ. ಮೇಲೂ ಕೆಳಗೂ ಕಂದು ಬಣ್ಣ, ಆದರೆ ಸುತ್ತಲೂ ನಡುವೆ ಒಂದು ತೆಳು ಹಳದಿ ಪಟ್ಟಿ ಇರುತ್ತದೆ. ಯೀಸ್ಟ್ ಹಾಕಿ ಉಬ್ಬಿಸಿದ ಡೋನಟ್ ಹಗುರ, ಎಣ್ಣೆಯಲ್ಲಿ ತೇಲುತ್ತದೆ, ಒಂದು ಮಗ್ಗುಲು ಬೆಂದ ಮೇಲೆ ತಿರುಗಿಸಿ ಹಾಕುತ್ತಾರೆ, ಹಾಗಾಗಿ ನಡುಭಾಗ ಎರಡು ಸಲವೂ ಎಣ್ಣೆಗೆ ಸರಿಯಾಗಿ ತಾಗುವುದೇ ಇಲ್ಲ. ಈ ಪಟ್ಟಿಯನ್ನು ನಿಮ್ಮ ಪುಟ್ಟ ಡೋನಟ್‌ನಲ್ಲಿ ಉಳಿಸಿಕೊಳ್ಳಿ ಸಾಕು, ಅರ್ಧ ಕೆಲಸ ಮುಗಿದಂತೆ. ಐಸಿಂಗ್ ಆಮೇಲೆ. ಕಂದು ಕ್ಲೇಯನ್ನು ಉಂಡೆ ಮಾಡಿ, ತೂತು ಹಾಕಿ, ಮೇಲೆ ಗುಲಾಬಿ ಬಣ್ಣ ಸುರಿದರೆ ಅದು ಡೋನಟ್‌ನ ಚಿತ್ರ ಆಗುತ್ತದೆ ಅಷ್ಟೇ.

ಹಾಗಾಗಿ ಮೊದಲು ಬುಡದ ಬಣ್ಣ. ಬೇಯುವ ಮೊದಲಿನ ಹಿಟ್ಟು ಯಾವ ಬಣ್ಣ ಇರುತ್ತದೋ ಆ ಬಣ್ಣದ ಕ್ಲೇಯಿಂದ ಶುರು ಮಾಡಿ, ಬೆಂದ ಬಣ್ಣದಿಂದ ಅಲ್ಲ. ಬಿಳಿ ಕ್ಲೇಗೆ ಚೂರೇ ಚೂರು ಯೆಲ್ಲೋ ಓಕರ್, ಅಂದರೆ ಮಣ್ಣಿನ ಹಳದಿ ಬಣ್ಣ ಸೇರಿಸಿ. ಕಿತ್ತಳೆ ಹಾಕಬೇಡಿ, ಅಲ್ಲೇ ಆಟಿಕೆ ಆಗಿಬಿಡುತ್ತದೆ. ಪಾಲಿಮರ್ ಕ್ಲೇ (ಓವನ್‌ನಲ್ಲಿ ಬೇಯಿಸಿ ಗಟ್ಟಿ ಮಾಡುವ ಕ್ಲೇ) ಆದರೆ ಅದಕ್ಕೆ ಟ್ರಾನ್ಸ್‌ಲೂಸೆಂಟ್, ಅಂದರೆ ಅರೆಪಾರದರ್ಶಕ ಕ್ಲೇ ಬೆರೆಸಿ, ನಾನು ಹೆಚ್ಚುಕಡಿಮೆ ಅರ್ಧಕ್ಕರ್ಧ ಹಾಕುತ್ತೇನೆ. ಬರಿ ಬಿಳಿ ಕ್ಲೇ ಬೆಳಕನ್ನು ಮೇಲಿಂದಲೇ ವಾಪಸ್ ಕಳಿಸುತ್ತದೆ, ಆದರೆ ಬ್ರೆಡ್, ಕ್ರೀಮ್, ಹಣ್ಣು ಎಲ್ಲದರಲ್ಲೂ ಬೆಳಕು ಸ್ವಲ್ಪ ಒಳಗೆ ಇಳಿಯುತ್ತದೆ. ಆ ಟ್ರಾನ್ಸ್‌ಲೂಸೆಂಟ್ ಬೆಂದ ಮೇಲೆ ಬಣ್ಣವನ್ನು ಗಾಢ ಮಾಡುತ್ತದೆ, ಆದ್ದರಿಂದ ಒಂದು ಚಿಟಿಕೆ ಬೇಯಿಸಿ ನೋಡಿಯೇ ಮುಂದೆ ಹೋಗಿ. ಗಾಳಿಯಲ್ಲಿ ಒಣಗುವ ಕ್ಲೇ ಕೂಡ ಹಾಗೇ, ಹಸಿಯಾಗಿದ್ದಾಗ ಕಾಣುವುದಕ್ಕಿಂತ ಒಣಗಿದಾಗ ಬಣ್ಣ ಗಾಢ. ಒಂದು ಶೇಡ್ ತಿಳಿಯಾಗಿಯೇ ಕಲಸಿ.

ಆಮೇಲೆ ಬರುವುದು ಬೇಯಿಸಿದ ಬಣ್ಣ. ಇದಕ್ಕೆ ಚಾಕ್ ಪಾಸ್ಟಲ್‌ಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಎಣ್ಣೆ ಪಾಸ್ಟಲ್ ಅಲ್ಲ, ಸೀಮೆಸುಣ್ಣದಂಥ ಒಣ ಪಾಸ್ಟಲ್ ಬಣ್ಣದ ಕಡ್ಡಿ. ಬ್ಲೇಡಿನಿಂದ ಕೆರೆದು ಪುಡಿ ಮಾಡಿಕೊಳ್ಳಿ: ಓಕರ್, ತಿಳಿ ಕಂದು, ಕಡು ಕಂದು. ಹಸಿ ಪಾಲಿಮರ್ ಕ್ಲೇ ಮೇಲೆ ಸ್ವಲ್ಪ ಜಿಗುಟು ಇರುತ್ತದಲ್ವಾ, ಪುಡಿ ಅದಕ್ಕೆ ತಾನಾಗೇ ಹಿಡಿಯುತ್ತದೆ. ಒಣ ಮೆತ್ತನೆ ಬ್ರಶ್‌ನಲ್ಲಿ ಮೊದಲು ಓಕರ್ ಎಲ್ಲ ಕಡೆ, ಆಮೇಲೆ ತಿಳಿ ಕಂದು ಅಂಚಿಗೆ ಮತ್ತು ಉಬ್ಬಿದ ಜಾಗಕ್ಕೆ, ಕಡು ಕಂದು ತೀರ ಕಡಿಮೆ, ಅಲ್ಲಲ್ಲಿ ಮಾತ್ರ. ಒಲೆಯ ಬಿಸಿ ನಿಜವಾದ ಕುಕೀಗೆ ಎಲ್ಲಿ ಜಾಸ್ತಿ ತಾಗುತ್ತದೆ ಅಂತ ಯೋಚಿಸಿ ಹಚ್ಚಿ. ಅಂಚು ತೆಳ್ಳಗಿರುತ್ತದೆ, ಬೇಗ ಕೆಂಪಾಗುತ್ತದೆ. ಕೆಳಭಾಗ ಬಿಸಿ ತಟ್ಟೆಗೆ ಅಂಟಿಕೊಂಡಿರುತ್ತದೆ, ಅದಕ್ಕೂ ಹಚ್ಚಿ. ಸಮವಾಗಿ ಹಚ್ಚಬೇಡಿ. ಒಂದು ಪಕ್ಕ ಸ್ವಲ್ಪ ಹೆಚ್ಚು ಬೆಂದಂತೆ ಇದ್ದರೆ ಚೆಂದ. ಗಾಳಿಯಲ್ಲಿ ಒಣಗುವ ಕ್ಲೇ ಆದರೆ ಒಣಗಿದ ಮೇಲೆ ಇದೇ ಬಣ್ಣಗಳ ಅಕ್ರಿಲಿಕ್ ತಗೊಂಡು, ಸ್ಪಂಜಿನ ತುಂಡನ್ನು ಅದ್ದಿ, ಪೇಪರ್ ಮೇಲೆ ಒತ್ತಿ ಮುಕ್ಕಾಲು ಬಣ್ಣ ತೆಗೆದು, ಆಮೇಲೆ ತಟ್ಟುತ್ತಾ ಹೋಗಿ.

ತರಕಲು ಮೇಲ್ಮೈಗೆ ದುಬಾರಿ ಸಲಕರಣೆ ಏನೂ ಬೇಡ. ಹಳೇ ಟೂತ್‌ಬ್ರಶ್, ಮುದುಡಿದ ಅಲ್ಯೂಮಿನಿಯಂ ಫಾಯಿಲ್ ಉಂಡೆ, ಸೂಜಿ. ಕುಕೀ ಮೇಲೆ ಟೂತ್‌ಬ್ರಶ್‌ನಿಂದ ಕುಟ್ಟಿ, ಎಳೆಯಬೇಡಿ, ಎಳೆದರೆ ಗೆರೆ ಬೀಳುತ್ತದೆ. ಕೇಕ್ ತುಂಡಿನಲ್ಲಿ ಜನ ಮರೆಯುವ ವಿಷಯ ಏನೆಂದರೆ ಮೇಲಿನ ಮುಖವೂ ಕತ್ತರಿಸಿದ ಮುಖವೂ ಒಂದೇ ತರ ಇರುವುದಿಲ್ಲ. ಮೇಲೆ ನಯ, ಕಂದು. ಕತ್ತರಿಸಿದ ಕಡೆ ತಿಳಿ ಬಣ್ಣ, ಒಳಗೆ ತೂತು ತೂತು. ಆ ಕಡೆ ಮಾತ್ರ ಸೂಜಿ ಮೊನೆಯಿಂದ ಕ್ಲೇಯನ್ನು ಚೂರು ಚೂರೇ ಕಿತ್ತು ಎತ್ತುತ್ತಾ ಹೋಗಿ. ಸುಮ್ನೆ ಚುಚ್ಚಿದರೆ ತೂತು ಬೀಳುತ್ತದೆ, ಕಿತ್ತರೆ ಸ್ಪಂಜಿನಂತೆ ಹರಿದುಕೊಳ್ಳುತ್ತದೆ. ಎರಡು ದುಂಡು ಬಿಲ್ಲೆಗಳ ನಡುವೆ ಕ್ರೀಮ್ ಇರುವ ಫ್ರೆಂಚ್ ಸಿಹಿ ಮಕರೋನ್‌ಗೂ ಇದೇ ಉಪಾಯ: ಮೇಲ್ಭಾಗವನ್ನು ನುಣ್ಣಗೆ ಬಿಟ್ಟು, ಕೆಳಗಿನ ಅಂಚಿನ ಸುತ್ತ ಮಾತ್ರ ಸೂಜಿಯಿಂದ ಕೆದಕಿ, ಆ ನೊರೆಯಂಥ ಪಾದ ಮೂಡುತ್ತದೆ. ಆ ಪಾದ ಇಲ್ಲದಿದ್ದರೆ ಅದು ಬರೀ ಬಣ್ಣದ ಗುಂಡಿ.

ಅಳತೆಯ ಬಗ್ಗೆ ಒಂದು ಮಾತು. ಡಾಲ್‌ಹೌಸ್‌ಗೆ ಸಾಮಾನ್ಯವಾಗಿ 1:12 ಅಳತೆ, ಅಂದರೆ ನಿಜವಾದ ಗಾತ್ರದ ಹನ್ನೆರಡನೇ ಒಂದು ಭಾಗ ಹಿಡಿಯುತ್ತಾರೆ. 9 ಸೆಂಟಿಮೀಟರ್ ಡೋನಟ್ ಅಲ್ಲಿ 7.5 ಮಿಲಿಮೀಟರ್ ಆಗುತ್ತದೆ. ಆ ಗಾತ್ರದಲ್ಲಿ ಟೂತ್‌ಬ್ರಶ್‌ನ ಗುರುತು ಕೂಡ ದೊಡ್ಡದಾಗಿ ಕಾಣುತ್ತದೆ, ಹಗುರಾಗಿ ತಟ್ಟಬೇಕು. ನಿಮ್ಮದು ಕೀಚೈನ್, ಫ್ರೇಮ್ ಅಂದರೆ ಒಂದೂವರೆ ಎರಡು ಸೆಂಟಿಮೀಟರ್ ಇಡಬಹುದು, ಅಷ್ಟು ಕಷ್ಟ ಇಲ್ಲ. ಒಂದೇ ಫ್ರೇಮ್‌ನಲ್ಲಿ ಇಡುವ ಎಲ್ಲದಕ್ಕೂ ಮಾತ್ರ ಒಂದೇ ಅಳತೆ ಇರಲಿ. ಕೇಕಿಗಿಂತ ದೊಡ್ಡ ಸ್ಟ್ರಾಬೆರಿ ಕಂಡರೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನ ಇಲ್ಲ.

ಈಗ ಹೊಳಪು. ನಾನು ನೋಡಿದ ಮಟ್ಟಿಗೆ ಒಳ್ಳೆ ಕೆಲಸ ಹಾಳಾಗುವುದೇ ಇಲ್ಲಿ. ಎಲ್ಲ ಮುಗಿದ ಖುಷಿಯಲ್ಲಿ ಇಡೀ ಡೋನಟ್‌ಗೆ ವಾರ್ನಿಶ್ ಬಳಿದುಬಿಡುತ್ತಾರೆ. ಬ್ರೆಡ್ ಹೊಳೆಯುತ್ತದಾ? ಕುಕೀ ಹೊಳೆಯುತ್ತದಾ? ಹೊಳೆಯುವುದು ಒದ್ದೆ ಇರುವುದು, ಎಣ್ಣೆ ಇರುವುದು, ಸಕ್ಕರೆ ಪಾಕ ಇರುವುದು ಮಾತ್ರ. ಐಸಿಂಗ್, ಚಾಕೊಲೇಟ್ ಸಾಸ್, ಹಣ್ಣಿನ ಹೋಳು, ಜಾಮ್, ಇವಕ್ಕೆ ಹೊಳಪು ಕೊಡಿ, ಉಳಿದದ್ದನ್ನು ಮಂಕಾಗಿಯೇ ಬಿಡಿ, ಬೇಕಿದ್ದರೆ ಮ್ಯಾಟ್ ವಾರ್ನಿಶ್. ನೀರಿನ ವಾರ್ನಿಶ್ಶೇ ತಗೊಳ್ಳಿ. ಪಾಲಿಮರ್ ಕ್ಲೇ ಮೇಲೆ ನೇಲ್ ಪಾಲಿಶ್ ಹಚ್ಚಿದರೆ ಸ್ವಲ್ಪ ಕಾಲದ ಮೇಲೆ ಅಂಟಂಟಾಗುತ್ತದೆ, ಕೆಲವು ಸ್ಪ್ರೇಗಳೂ ಹಾಗೇ.

ಐಸಿಂಗ್‌ಗೆ ಲಿಕ್ವಿಡ್ ಪಾಲಿಮರ್ ಕ್ಲೇಗೆ ಅದೇ ಪಾಸ್ಟಲ್ ಪುಡಿ ಕಲಸಿ, ಟೂತ್‌ಪಿಕ್‌ನಿಂದ ಹರಡಿ. ಅಂಚು ವಂಕಿ ವಂಕಿಯಾಗಿರಲಿ, ಒಂದೆರಡು ಕಡೆ ಕೆಳಗೆ ಇಳಿದಿರಲಿ. ಸಾಸ್, ಜೆಲ್ಲಿಗೆ ಯುವಿ ರೆಸಿನ್ (ಯುವಿ ಬೆಳಕಿಗೆ ಗಟ್ಟಿಯಾಗುವ ದ್ರವ) ಚೆನ್ನಾಗಿ ಬರುತ್ತದೆ, ಆದರೆ ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗಬಾರದು. ಪದೇ ಪದೇ ತಾಗಿದರೆ ಅಲರ್ಜಿ ಶುರುವಾಗಬಹುದು, ಒಮ್ಮೆ ಶುರುವಾದರೆ ಆಮೇಲೆ ಅದನ್ನು ಮುಟ್ಟುವ ಹಾಗೇ ಇಲ್ಲ. ನೈಟ್ರೈಲ್ ಗ್ಲೌಸ್ ಹಾಕಿ, ಕಿಟಕಿ ತೆಗೆದಿಡಿ. ಕ್ರೀಮಿಗೆ ಎರಡು ದಾರಿ. ಹಗುರ ಕ್ಲೇಗೆ (ಗಾಳಿಯಲ್ಲಿ ಒಣಗುವ, ತೂಕವಿಲ್ಲದ ಕ್ಲೇ) ಸ್ವಲ್ಪ ಸ್ವಲ್ಪವೇ ನೀರು ಸೇರಿಸಿ ಮೊಸರಿನಷ್ಟು ಮೆತ್ತಗೆ ಕಲಸಿ ಸ್ಟಾರ್ ನಾಝಲ್‌ನಲ್ಲಿ ಒತ್ತುವುದು ಒಂದು. ಸಿಲಿಕೋನ್ ಸೀಲಂಟ್ ಇನ್ನೊಂದು. ಅಡ್ವಾನ್ಸ್ ಆಗಿ ಹೇಳಿಬಿಡುತ್ತೇನೆ, ಸಿಲಿಕೋನ್ ಒಣಗಿದ ಮೇಲೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಅಂಟೂ ನಿಲ್ಲುವುದಿಲ್ಲ. ಹಸಿ ಇರುವಾಗಲೇ ಹಣ್ಣು, ಕುಕೀ ಎಲ್ಲ ಅದರಲ್ಲಿ ಕೂರಿಸಿಬಿಡಬೇಕು. ವಿನೆಗರ್ ವಾಸನೆ ಬರುವ ಬಗೆ ಬೇಡ, ಕೀಚೈನ್‌ನ ಲೋಹ ತುಕ್ಕು ಹಿಡಿಯುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವುದನ್ನು ತಗೊಳ್ಳಿ.

ಐಸಿಂಗ್ ಮೇಲೆ ಉದುರಿಸುವ ಬಣ್ಣದ ಚೂರು, ಅಂದರೆ ಸ್ಪ್ರಿಂಕಲ್ಸ್ ಮಾಡುವುದು ಅಂದರೆ ಕ್ಲೇಯನ್ನು ದಾರದಂತೆ ಹೊಸೆದು, ಬೇಯಿಸಿ, ಬ್ಲೇಡಿನಿಂದ ತುಂಡರಿಸುವುದು, ಅಷ್ಟೇ. ನಿಜವಾದ ಸಕ್ಕರೆ, ಬಿಸ್ಕತ್ ಪುಡಿ ಉದುರಿಸುವವರಿದ್ದಾರೆ, ದಯವಿಟ್ಟು ಬೇಡ. ತೇವ ಎಳೆದುಕೊಳ್ಳುತ್ತದೆ, ಇರುವೆ ಬರುತ್ತದೆ, ಅದಕ್ಕಿಂತ ಹೆಚ್ಚಾಗಿ ಈ ಅಳತೆಗೆ ಸಕ್ಕರೆಯ ಹರಳು ಬಂಡೆಯಂತೆ ಕಾಣುತ್ತದೆ.

ಕ್ಲೇ ಬಗ್ಗೆ ಕೇಳಿದ್ದೀರಿ ಅಂತ ಹೇಳುತ್ತೇನೆ. ಪಾಲಿಮರ್ ಕ್ಲೇಯಲ್ಲಿ ಇರುವುದು ಪಿವಿಸಿ ಮತ್ತು ಅದನ್ನು ಮೆತ್ತಗಿಡುವ ಪ್ಲಾಸ್ಟಿಸೈಸರ್. ಬೇಯಿಸುವವರೆಗೂ ಗಟ್ಟಿಯಾಗುವುದಿಲ್ಲ, ನಿಧಾನಕ್ಕೆ ಕೆಲಸ ಮಾಡಬಹುದು. ಬೇಯಿಸುವ ಬಿಸಿ ಬ್ರಾಂಡ್‌ಗೆ ತಕ್ಕಂತೆ ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್. ಫಿಮೋ ಬ್ರಾಂಡ್ ಆದರೆ 110 ಡಿಗ್ರಿಯಲ್ಲಿ 30 ನಿಮಿಷ, ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಓವನ್‌ನ ಗುಂಡಿಯನ್ನು ನಂಬಬೇಡಿ, ಒಳಗೆ ಬೇರೆ ಥರ್ಮಾಮೀಟರ್ ಇಡಿ. ತಿಳಿ ಬಣ್ಣದವು ಕಂದಾಗದಂತೆ ಮೇಲೆ ಫಾಯಿಲ್ ಗುಡಾರ ಮಾಡಿ ಮುಚ್ಚಿ. ಬಿಸಿ ತೀರ ಜಾಸ್ತಿಯಾಗಿ ಕ್ಲೇ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಆಗ ಓವನ್ ಆರಿಸಿ, ಕಿಟಕಿ ತೆಗೆದು, ಹೊರಗೆ ಹೋಗಿ. ಮೈಕ್ರೋವೇವ್‌ನಲ್ಲಿ ಮಾತ್ರ ಇಡಲೇಬೇಡಿ. ಓವನ್ ಇಲ್ಲದಿದ್ದರೆ ಹಗುರ ಕ್ಲೇ ಅಥವಾ ಕೋಲ್ಡ್ ಪೋರ್ಸಲಿನ್. ಈ ಎರಡನೆಯದನ್ನು ಕಾರ್ನ್‌ಫ್ಲೋರ್, ಪಿವಿಎ ಬಿಳಿ ಅಂಟು ಸಮ ಸಮ ಹಾಕಿ, ಸ್ವಲ್ಪ ಎಣ್ಣೆ, ಸ್ವಲ್ಪ ನಿಂಬೆರಸ ಸೇರಿಸಿ ಸಣ್ಣ ಉರಿಯಲ್ಲಿ ಕೆದಕಿ ಮನೆಯಲ್ಲೇ ಮಾಡಬಹುದು. ಒಣಗುವಾಗ ಕುಗ್ಗುತ್ತದೆ, ಸ್ವಲ್ಪ ದೊಡ್ಡದಾಗಿಯೇ ಮಾಡಿ. ನೀರು ತಾಗುವ ಕೀಚೈನ್‌ಗೆ ಪಾಲಿಮರ್ರೇ ವಾಸಿ, ಫ್ರೇಮ್‌ಗೆ ಹಗುರ ಕ್ಲೇ, ತೂಕ ಇರುವುದಿಲ್ಲ.

ಬಿಳಿ ಕ್ಲೇ ಧೂಳಿಗೆ ಅಯಸ್ಕಾಂತ ಇದ್ದಂತೆ. ತಿಳಿ ಬಣ್ಣದ ಕೆಲಸ ಮೊದಲು, ಚಾಕೊಲೇಟ್ ಕೊನೆಗೆ. ಕೈಯನ್ನು ಒದ್ದೆ ವೈಪ್ಸ್‌ನಿಂದ ಆಗಾಗ ಒರೆಸಿ, ಉಣ್ಣೆ ಬಟ್ಟೆ ಹಾಕಿಕೊಂಡು ಕೂರಬೇಡಿ. ಹಸಿ ಪಾಲಿಮರ್ ಕ್ಲೇಯನ್ನು ಗಡುಸು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟರೆ ಕೆಲವು ಡಬ್ಬಿಗಳೇ ಕರಗಿ ಅಂಟಿಕೊಳ್ಳುತ್ತವೆ, ಗಾಜಿನ ಅಥವಾ ಸೆರಾಮಿಕ್ ಟೈಲ್ ಮೇಲೆ ಕೆಲಸ ಮಾಡಿ ಅದನ್ನೇ ಓವನ್‌ಗೆ ಇಟ್ಟರೆ ಎತ್ತುವಾಗ ಆಕಾರವೂ ಕೆಡುವುದಿಲ್ಲ.

ಮೌಲ್ಡ್, ಅಂದರೆ ಅಚ್ಚು ತಗೋಬೇಕಾ ಅಂತ ಇನ್ನೊಬ್ಬರು ಕೇಳಿದ್ದಾರೆ. ತಗೊಳ್ಳಿ, ತಪ್ಪಿಲ್ಲ. ಜಪಾನಿನ ಹೋಟೆಲ್‌ಗಳ ಗಾಜಿನ ಕಪಾಟಿನಲ್ಲಿ ಇಡುವ ನಕಲಿ ಊಟದ ಮಾದರಿಗಳನ್ನೂ ನಿಜವಾದ ತಿಂಡಿಯಿಂದ ಅಚ್ಚು ತೆಗೆದೇ ಮಾಡುತ್ತಾರೆ, ಮೊದಲು ಮೇಣದಲ್ಲಿ, ಈಗ ಹೆಚ್ಚಾಗಿ ವಿನೈಲ್‌ನಲ್ಲಿ. ಆದರೆ ಬಾಯಲ್ಲಿ ನೀರು ಬರಿಸುವುದು ಅಚ್ಚಲ್ಲ, ಆಮೇಲೆ ಕೈಯಿಂದ ಹಾಕುವ ಬಣ್ಣ. ಅಚ್ಚಿನಿಂದ ತೆಗೆದ ಮೇಲೆ ಒಂದನ್ನು ಸ್ವಲ್ಪ ಒತ್ತಿ, ಒಂದರ ಅಂಚು ಮುರಿಯಿರಿ. ಹತ್ತು ಕುಕೀಗೂ ಒಂದೇ ಜಾಗದಲ್ಲಿ ಒಂದೇ ಬಿರುಕು ಇದ್ದರೆ ಕಣ್ಣು ತಕ್ಷಣ ಹಿಡಿಯುತ್ತದೆ. ಜಾಸ್ತಿ ನೋಡಬೇಕಿದ್ದರೆ ಇಂಥ ನಕಲಿ ತಿಂಡಿಯ ಅಲಂಕಾರಕ್ಕೆ ಇರುವ ಹೆಸರುಗಳಾದ ಸ್ವೀಟ್ಸ್ ಡೆಕೋ, ಡೆಕೋಡೆನ್ ಅಂತ ಹುಡುಕಿ, ಫೋನ್ ಕವರ್ ಮೇಲೆ ಕ್ರೀಮ್ ಸುರಿದು ಅಲಂಕರಿಸುವುದರಿಂದ ಹಿಡಿದು ಎಲ್ಲ ಸಿಗುತ್ತದೆ.

ಕೀಚೈನ್‌ಗೆ ಕೊಕ್ಕೆ ಹಾಕುವಾಗ ಸ್ಕ್ರೂ ಇರುವ ಐ ಪಿನ್ (ತುದಿಯಲ್ಲಿ ಬಳೆಯಂಥ ಕಣ್ಣು ಇರುವ ಪಿನ್) ತಗೊಳ್ಳಿ. ಬೇಯಿಸುವ ಮೊದಲು ತಿರುಗಿಸಿ ಒಳಗೆ ಹಾಕಿ, ಬೆಂದು ಆರಿದ ಮೇಲೆ ತಿರುಗಿಸಿ ತೆಗೆದು, ಅಂಟು ಹಾಕಿ ಮತ್ತೆ ಕೂರಿಸಿ, ಇಲ್ಲದಿದ್ದರೆ ಎಳೆದಾಗ ಕಿತ್ತುಬರುತ್ತದೆ. ಇನ್ನು, ಈ ಕೆಲಸಕ್ಕೆ ಬಳಸಿದ ಚಾಕು, ನಾಝಲ್, ತಟ್ಟೆ ಯಾವುದನ್ನೂ ಅಡುಗೆಮನೆಗೆ ವಾಪಸ್ ತಗೊಂಡು ಹೋಗಬೇಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಕೈಗೆ ಎಟುಕದ ಕಡೆ ಇಡಿ. ನೀವು ಚೆನ್ನಾಗಿ ಮಾಡಿದಷ್ಟೂ ಅವರು ಬಾಯಿಗೆ ಹಾಕಿಕೊಳ್ಳುವುದು ಜಾಸ್ತಿ. ತಿಂಡಿ ಅಂತ ತಪ್ಪು ತಿಳಿದು ಅಪಾಯ ಆಗುವಂಥ ವಸ್ತುಗಳನ್ನು ಮಾರಬಾರದು ಅಂತ ಯುರೋಪಿನಲ್ಲಿ 1987ರಲ್ಲೇ ನಿಯಮ ಬಂದಿದೆ. ಮುಂದೆ ಮಾರುವ ಯೋಚನೆ ಇದ್ದರೆ ನೀವು ಮಾರುವ ಕಡೆ ಏನು ನಿಯಮ ಇದೆ ಅಂತ ಮೊದಲೇ ನೋಡಿಕೊಳ್ಳಿ.