ಗುದದ್ವಾರ ಮುಚ್ಚಿದ್ದರೂ ಪ್ರಾಸ್ಟೇಟ್ ಬಯಾಪ್ಸಿಗೆ ದಾರಿಯಿದೆ

ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರ: ತಂದೆಯವರಿಗೆ 69 ವರ್ಷ. ಒಂಬತ್ತು ವರ್ಷಗಳ ಹಿಂದೆ ಕ್ಯಾನ್ಸರ್ ಆಪರೇಷನ್‌ನಲ್ಲಿ ಗುದನಾಳ ತೆಗೆದು, ಗುದದ್ವಾರ ಹೊಲಿದು, ಹೊಟ್ಟೆಯ ಎಡಕ್ಕೆ ಮಲದ ಚೀಲ ಇಟ್ಟಿದ್ದಾರೆ. ಈಗ ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಗಾಗಿ ಮಾಡುವ ರಕ್ತಪರೀಕ್ಷೆ, ಪಿಎಸ್‌ಎ, 9.4 ಬಂದಿದೆ. 'ಬಯಾಪ್ಸಿ (ಸೂಜಿಯಿಂದ ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದು) ಆಗುವುದಿಲ್ಲ, ನೇರವಾಗಿ ಹಾರ್ಮೋನ್ ಇಂಜೆಕ್ಷನ್ ಶುರುಮಾಡೋಣ' ಎಂದು ವೈದ್ಯರು ಹೇಳಿದ್ದಾರಂತೆ. ಒಪ್ಪಬಹುದೇ?

ಉತ್ತರ: ಇಂಜೆಕ್ಷನ್‌ಗೆ ಆತುರ ಬೇಡ, ಮೊದಲು ಇನ್ನೊಬ್ಬ ಯುರಾಲಜಿಸ್ಟರನ್ನು ಕಾಣಿ. 9.4 ಎಂದಾಕ್ಷಣ ಕ್ಯಾನ್ಸರ್ ಎಂದಲ್ಲ. ವಯಸ್ಸಿಗೆ ಗ್ರಂಥಿ ದಪ್ಪವಾದರೂ, ಮೂತ್ರದ ಸೋಂಕಾದರೂ ಪಿಎಸ್‌ಎ ಏರುತ್ತದೆ. ಇಂಜೆಕ್ಷನ್ ಬಿದ್ದ ಮೇಲೆ ಪಿಎಸ್‌ಎ ಇಳಿಯುತ್ತದೆ, ಗ್ರಂಥಿ ಕುಗ್ಗುತ್ತದೆ, ಆಮೇಲೆ ತೆಗೆದ ಚೂರಿನಲ್ಲಿ ಗ್ಲೀಸನ್ ದರ್ಜೆ, ಅಂದರೆ ಕ್ಯಾನ್ಸರ್ ಎಷ್ಟು ಉಗ್ರ ಎಂಬುದನ್ನು, ಹೇಳುವುದೇ ಕಷ್ಟ. ಕಾಯಿಲೆ ಬೆನ್ನುಮೂಳೆಗೆ ಹರಡಿ ಕಾಲಿನ ಬಲ ಹೋಗುತ್ತಿದ್ದರೆ ಮಾತ್ರ ಲೆಕ್ಕ ಬೇರೆ, ಆಗ ಕಾಯುವಂತಿಲ್ಲ.

'ಆಗುವುದಿಲ್ಲ' ಎಂಬ ಮಾತು ಬರುವುದು ಹಳೆಯ ರೂಢಿಯಿಂದ. ಗುದದ್ವಾರದೊಳಗೆ ಬೆರಳುಗಾತ್ರದ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು, ಗುದನಾಳದ ಗೋಡೆಯ ಮೂಲಕ ಸೂಜಿ ಹಾಕುವ ಕ್ರಮ ಅದು. ನಿಮ್ಮ ತಂದೆಯವರಿಗೆ ಆ ದಾರಿ ಇಲ್ಲ, ನಿಜ. ಆದರೆ ವೃಷಣಚೀಲಕ್ಕೂ ಹಿಂದಿನ ಹೊಲಿಗೆಗೂ ನಡುವಿನ ಚರ್ಮದಿಂದ, ಅಂದರೆ ಪೆರಿನಿಯಮ್‌ನಿಂದ, ಸೂಜಿ ಹಾಕಬಹುದು. ಪ್ರೋಬನ್ನು ಅಲ್ಲೇ ಚರ್ಮದ ಮೇಲೆ ಒತ್ತಿ ಹಿಡಿದು ನೋಡುತ್ತಾರೆ. ಮಲದ ಸಂಪರ್ಕವಿಲ್ಲದ ಕಾರಣ ಸೋಂಕಿನ ಭಯವೂ ಕಡಿಮೆ.

ತೊಡಕು ಇರುವುದು ಬೇರೆ ಕಡೆ. ಚರ್ಮದ ಮೇಲಿನಿಂದ ಕಾಣುವ ಚಿತ್ರ ಒಳಗಿನಿಂದ ಕಂಡಷ್ಟು ಸ್ಪಷ್ಟವಲ್ಲ. ಗುದನಾಳ ತೆಗೆದ ಖಾಲಿ ಜಾಗಕ್ಕೆ ಸಣ್ಣ ಕರುಳು ಜಾರಿ ಇಳಿದಿರಬಹುದು. ಪ್ರಾಸ್ಟೇಟ್ ಕೂಡ ಹಿಂದಕ್ಕೆ ಸರಿದಿರಬಹುದು. ಕೆಲವರಿಗೆ ಆ ಜಾಗವನ್ನು ತೊಡೆಯ ಅಥವಾ ಹೊಟ್ಟೆಯ ಸ್ನಾಯುವಿನಿಂದ ತುಂಬಿಸಿರುತ್ತಾರೆ. ಇದನ್ನೆಲ್ಲ ನೋಡದೆ ಸೂಜಿ ಹಾಕಿದರೆ ಕರುಳಿಗೆ ತಗಲುವ ಅಪಾಯವಿದೆ. ಆದ್ದರಿಂದ ಮೊದಲು ಪ್ರಾಸ್ಟೇಟ್‌ನ ಎಂಆರ್‌ಐ ಆಗಲೇಬೇಕು. ಅದಕ್ಕೆ ಗುದದ್ವಾರದ ಅಗತ್ಯವೇ ಇಲ್ಲ. ಹಳೆಯ ಆಪರೇಷನ್‌ನ ಡಿಸ್ಚಾರ್ಜ್ ಸಮರಿ, ರೇಡಿಯೇಶನ್ ಕೊಟ್ಟಿದ್ದರೆ ಅದರ ಕಾಗದ, ಎರಡನ್ನೂ ಹುಡುಕಿ ಇಟ್ಟುಕೊಳ್ಳಿ.

ಎಂಆರ್‌ಐಯಲ್ಲಿ ಗ್ರಂಥಿಯ ಗಾತ್ರವೂ ಸಿಗುತ್ತದೆ. ಪಿಎಸ್‌ಎಯನ್ನು ಅದರಿಂದ ಭಾಗಿಸಿ ನೋಡಿ. ಗ್ರಂಥಿ 80 ಮಿಲಿಲೀಟರ್ ಇದ್ದರೆ 9.4ಕ್ಕೆ 0.12 ಬರುತ್ತದೆ, 30 ಇದ್ದರೆ 0.31. ಸಾಮಾನ್ಯವಾಗಿ 0.15 ದಾಟಿದರೆ ಅನುಮಾನ ಹೆಚ್ಚು. ಎಂಆರ್‌ಐ ನೋಡಿ ಕ್ಯಾನ್ಸರ್ ಅನುಮಾನಕ್ಕೆ 1ರಿಂದ 5ರವರೆಗೆ ಕೊಡುವ ಪೈರಾಡ್ಸ್ ಅಂಕ 1 ಅಥವಾ 2 ಇದ್ದು ಈ ಭಾಗಲಬ್ಧವೂ ಕಡಿಮೆ ಇದ್ದರೆ ಬಯಾಪ್ಸಿ ಬದಲು ಆಗಾಗ ಪಿಎಸ್‌ಎ ನೋಡುತ್ತಾ ಇರಬಹುದು. 4 ಅಥವಾ 5 ಇದ್ದರೆ ಮಾಡಿಸಲೇಬೇಕು. ತಂದೆಯವರು ಮೂತ್ರದ ತೊಂದರೆಗೆ ಫಿನಾಸ್ಟೆರೈಡ್ ಅಥವಾ ಡ್ಯುಟಾಸ್ಟೆರೈಡ್ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ. ತಿಂಗಳುಗಟ್ಟಲೆ ತೆಗೆದುಕೊಂಡವರಲ್ಲಿ ಅವು ಪಿಎಸ್‌ಎಯನ್ನು ಅರ್ಧದಷ್ಟು ಇಳಿಸಿರುತ್ತವೆ.

ಬಯಾಪ್ಸಿಯ ದಿನ ಚೀಲ ಖಾಲಿ ಮಾಡಿಸಿ. ಕಾಲು ಮೇಲೆತ್ತಿ ಮಲಗಿಸಿ, ಚರ್ಮಕ್ಕೂ ಒಳಗೂ ಅರಿವಳಿಕೆ ಕೊಡುತ್ತಾರೆ. ಸೂಜಿಯ ಗನ್ 'ಟಕ್' ಎಂದಾಗ ಬೆಚ್ಚಿ ಅಲುಗಾಡಬಾರದೆಂದು ಮೊದಲೇ ಹೇಳಿಡಿ. ಒಂದೊಂದು ಸಲಕ್ಕೂ ಶಾವಿಗೆ ಎಳೆಯಂಥ, ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ ಚೂರು ಬರುತ್ತದೆ. ಅನುಮಾನದ ಜಾಗದಿಂದ ಮೂರು-ನಾಲ್ಕು, ಉಳಿದೆಡೆಯಿಂದ ಹತ್ತು-ಹನ್ನೆರಡು. ಯಾವ ಚೂರು ಎಲ್ಲಿಯದು ಎಂದು ಬರೆದು ಬೇರೆ ಬೇರೆ ಬಾಟಲಿಗೆ ಹಾಕಿದರೇ ವರದಿ ಉಪಯೋಗಕ್ಕೆ ಬರುವುದು.

ಪೆರಿನಿಯಮ್ ದಾರಿಯೂ ಕಷ್ಟವೆನಿಸಿದರೆ ಬೋರಲು ಮಲಗಿಸಿ, ಸಿಟಿ ಅಥವಾ ಎಂಆರ್‌ಐ ನೋಡುತ್ತಾ ಪಿರ್ರೆಯ ಮೂಲಕ ಸೂಜಿ ಹಾಕುವ ರೇಡಿಯಾಲಜಿಸ್ಟರಿದ್ದಾರೆ. ಕಾಲಿನ ದೊಡ್ಡ ನರವನ್ನು ತಪ್ಪಿಸಬೇಕಾದ ಕೆಲಸ ಅದು. ಕೈ ಪಳಗಿದವರೇ ಬೇಕು. ಚೀಲದ ಮೇಲೆ ಭಾರ ಬೀಳದಂತೆ ದಿಂಬು ಕೇಳಿ. (ಗುದದ್ವಾರ ಉಳಿಸಿ ಕರುಳಿನಿಂದಲೇ ಒಳಚೀಲ ಮಾಡಿಸಿಕೊಂಡ ಓದುಗರಿಗೂ ಪೆರಿನಿಯಮ್ ದಾರಿಯೇ ಮೇಲು. ಆ ಒಳಚೀಲದ ಗೋಡೆಗೆ ಸೂಜಿ ಚುಚ್ಚಿದರೆ ಸೋಂಕು, ತೂತು ಆಗುವ ಭಯವಿದೆ.)

ಬಯಾಪ್ಸಿಗೆ ಒಂದು ವಾರ ಮೊದಲೇ ಮೂತ್ರದ ಕಲ್ಚರ್ (ಸೋಂಕಿನ ಪರೀಕ್ಷೆ) ಮಾಡಿಸಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಹೃದಯದ ವೈದ್ಯರನ್ನು ಕೇಳಿ. ಬಯಾಪ್ಸಿ ಆದಮೇಲೆ ಕೆಲವು ದಿನ ಮೂತ್ರದಲ್ಲಿ, ಕೆಲವು ವಾರ ವೀರ್ಯದಲ್ಲಿ ರಕ್ತ ಕಂಡರೆ ಗಾಬರಿ ಬೇಡ. ಮೂತ್ರ ಕಟ್ಟಿದರೆ, ಗಡ್ಡೆಗಟ್ಟಿದ ರಕ್ತ ಬಂದರೆ ಅಥವಾ ಚಳಿಯೊಂದಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ರಾತ್ರಿಯಾದರೂ ಸರಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.