ಊರು ಮೊದಲು, ಹೋಟೆಲು ಆಮೇಲೆ

ನ್ಯೂಜೆರ್ಸಿಯ ಎಡಿಸನ್‌ನಿಂದ ಓದುಗರೊಬ್ಬರು ಬರೆದಿದ್ದಾರೆ: "ಗೋಬಿ ಮಂಚೂರಿ ಚೀನಾದ್ದೇ ಅಲ್ಲ ಅಂತ ಮಗಳು ದಿನಾ ಹಂಗಿಸುತ್ತಾಳೆ. ಗಣಪತಿ ದೇವಸ್ಥಾನಕ್ಕೆಂದು ನ್ಯೂಯಾರ್ಕಿನ ಫ್ಲಶಿಂಗ್‌ಗೆ ಹೋಗುತ್ತಲೇ ಇರುತ್ತೇವೆ. ಅಲ್ಲಿ ಮೇನ್ ಸ್ಟ್ರೀಟಿನ ಚೀನೀ ಹೋಟೆಲುಗಳ ಸಾಲು ನೋಡಿದರೆ ಯಾವುದಕ್ಕೆ ಹೋಗಬೇಕೋ ತಿಳಿಯುವುದಿಲ್ಲ. ಫೋನಿನಲ್ಲಿ ಸ್ಟಾರ್ ನೋಡಿಕೊಂಡು ಹೋದ ಎರಡು ಕಡೆಯೂ ಪೆಚ್ಚಾದೆವು. ನಾನು, ಮಗಳು ಎಲ್ಲ ತಿನ್ನುತ್ತೇವೆ. ಯಜಮಾನರು ಸಸ್ಯಾಹಾರಿ, ಮೊಟ್ಟೆ ಆಗುತ್ತದೆ. ಮೈಸೂರಿನಿಂದ ಬಂದಿರುವ ಅತ್ತೆಯವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಒಳ್ಳೆಯ ಚೀನೀ ಹೋಟೆಲು ಯಾವುದು, ಒಂದು ಹೆಸರು ಹೇಳಿಬಿಡಿ."

ಸಂಪಾದಕರ ಉತ್ತರ:

ಹೆಸರು ಹೇಳಿದರೆ ನಿಮಗೆ ಉಪಯೋಗವಿಲ್ಲ. ಒಳ್ಳೆಯ ಇಂಡಿಯನ್ ಹೋಟೆಲು ಯಾವುದು ಅಂತ ಬೆಂಗಳೂರಿನಲ್ಲಿ ಯಾರಾದರೂ ಕೇಳಿದರೆ ದೋಸೆಗೋ, ಬಿರಿಯಾನಿಗೋ, ಮೀನೂಟಕ್ಕೋ ಅಂತ ನೀವೇ ತಿರುಗಿ ಕೇಳುತ್ತೀರಿ. ಚೀನೀ ಊಟದಲ್ಲೂ ಮೊದಲು ಗೊತ್ತುಮಾಡಿಕೊಳ್ಳಬೇಕಾದ್ದು ಊರು. ಆಮೇಲೆ ಆ ಊರಿನ ಒಂದು ತಿನಿಸು. ಹೋಟೆಲು ಬರುವುದು ಮೂರನೆಯದಾಗಿ.

ಮಗಳು ಹೇಳುವುದು ನಿಜ. ಮಂಚೂರಿಯನ್ನು 1975ರಲ್ಲಿ ಮುಂಬೈನಲ್ಲಿ ಕೋಲ್ಕತ್ತಾ ಮೂಲದ ನೆಲ್ಸನ್ ವಾಂಗ್ ಕೋಳಿಯಲ್ಲಿ ಮಾಡಿದರು ಎಂಬುದು ಸಾಮಾನ್ಯವಾಗಿ ಹೇಳುವ ಕತೆ. ಗೋಬಿ ಆಮೇಲೆ ಬಂತು. ಅದು ನಮ್ಮ ತಿಂಡಿಯೇ, ಬಿಟ್ಟುಕೊಡಬೇಕಾಗಿಲ್ಲ. ಫ್ಲಶಿಂಗ್‌ನಲ್ಲಿ ಹುಡುಕಬಾರದು, ಅಷ್ಟೆ.

ಯಾವ ಬಡಾವಣೆಯಲ್ಲಿ ಯಾರು ಬಂದು ನೆಲೆಸಿದರು ಎನ್ನುವುದರ ಮೇಲೆ ಅಲ್ಲಿನ ಅಡುಗೆ ನಿಂತಿರುತ್ತದೆ. ಮ್ಯಾನ್‌ಹ್ಯಾಟನ್‌ನ ಹಳೆಯ ಚೈನಾಟೌನ್ ಕ್ಯಾಂಟನ್ ಕಡೆಯವರದು. ಅದರ ಪೂರ್ವಕ್ಕಿರುವ ಈಸ್ಟ್ ಬ್ರಾಡ್‌ವೇ ಫೂಜಿಯಾನ್ ಕಡೆಯವರದು. ಫ್ಲಶಿಂಗ್‌ಗೆ 1970ರ ದಶಕದಲ್ಲಿ ತೈವಾನಿನವರು ಬಂದರು, ಅವರ ಹಿಂದೆ ಚೀನಾದ ಬೇರೆ ಬೇರೆ ಪ್ರಾಂತಗಳವರು, ಅದರಲ್ಲೂ ಉತ್ತರದವರು. ಹಾಗಾಗಿ ಸಿಚುವಾನ್, ಶಿಯಾನ್, ಡೋಂಗ್‌ಬೈ (ಚೀನಾದ ಈಶಾನ್ಯ) ಊಟಕ್ಕೆ ನೀವು ಸರಿಯಾದ ಜಾಗದಲ್ಲೇ ಇದ್ದೀರಿ. ಪುಸ್ತಕಗಳಲ್ಲಿ ಬರುವ 'ಎಂಟು ಮಹಾ ಪಾಕಪದ್ಧತಿ'ಗಳ ಪಟ್ಟಿ ಹಿಡಿದು ಹೊರಡಬೇಡಿ. ಶಿಯಾನ್, ಡೋಂಗ್‌ಬೈ, ಯುನ್ನಾನ್ ಯಾವುದೂ ಆ ಎಂಟರಲ್ಲಿಲ್ಲ.

ಬೋರ್ಡು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಚೆಂಗ್ಡು, ಚೋಂಗ್‌ಚಿಂಗ್, ಲಾನ್‌ಝೌ, ಹಾರ್ಬಿನ್, ವೆನ್‌ಝೌ ಅಂತ ಊರಿನ ಹೆಸರಿದ್ದರೆ ಅರ್ಧ ಕೆಲಸ ಆಯಿತು. ಸಿಚುವಾನ್, ಹುನಾನ್, ಕ್ಯಾಂಟನೀಸ್ ಮೂರೂ ಒಂದೇ ಬೋರ್ಡಿನಲ್ಲಿದ್ದರೆ ಅದು ಬಹುಮಟ್ಟಿಗೆ ಅಮೆರಿಕದವರ ರುಚಿಗೆ ಒಗ್ಗಿಸಿದ ಅಂಗಡಿ. ಮೆನುವಿನ ಮೊದಲ ಪುಟದಲ್ಲೇ ಜನರಲ್ ಟ್ಸೋ ಚಿಕನ್, ಆರೆಂಜ್ ಚಿಕನ್ ಇದ್ದರೆ ಸುಮ್ಮನೆ ಮುಂದೆ ನಡೆಯಿರಿ. ಕೊನೆಯ ಪುಟದಲ್ಲಿದ್ದರೆ ಚಿಂತೆಯಿಲ್ಲ, ವ್ಯಾಪಾರಕ್ಕೆ ಇಟ್ಟಿರುತ್ತಾರೆ.

ಈಗ ಸಿಚುವಾನ್. ಅಲ್ಲಿ ಅಳತೆಗೋಲು ಮಾಪೊ ತೋಫು. ಹತ್ತೊಂಬತ್ತನೆಯ ಶತಮಾನದಲ್ಲಿ ಚೆಂಗ್ಡುವಿನಲ್ಲಿ ಹುಟ್ಟಿದ್ದು, ದುಬಾರಿಯಲ್ಲ, ಯಾವ ಸಿಚುವಾನ್ ಅಂಗಡಿಯಲ್ಲೂ ಸಿಗುತ್ತದೆ. ಆದ್ದರಿಂದಲೇ ಎರಡು ಅಂಗಡಿಗಳನ್ನು ಅದರಲ್ಲೇ ಹೋಲಿಸಿ ನೋಡಬಹುದು. ತಟ್ಟೆ ಬಂದ ಕೂಡಲೇ ಅಂಚು ನೋಡಿ: ಕೆಂಪು ಎಣ್ಣೆ ತಿಳಿಯಾಗಿ ನಿಂತಿರಬೇಕು. ಆ ಬಣ್ಣ ಬರುವುದು ಪೀಶಿಯಾನ್ ಎಂಬಲ್ಲಿನ ಹುಳಿ ಬರಿಸಿದ ಅವರೆ ಜಾತಿಯ ಕಾಳು ಮತ್ತು ಮೆಣಸಿನಕಾಯಿಯ ದೌಬಾನ್ ಎಂಬ ಪೇಸ್ಟನ್ನು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿದಾಗ. ಅವಸರದಲ್ಲಿ ದೊಡ್ಡ ಉರಿಗೆ ಹಾಕಿದರೆ ಪೇಸ್ಟ್ ಸೀದು ಕಹಿಯಾಗುತ್ತದೆ. ಬಾಡಿಸದೆ ಬಿಟ್ಟರೆ ಎಣ್ಣೆ ಬೇರೆ ನಿಲ್ಲದೆ ಕಂದು ಬಣ್ಣದ ಗೊಜ್ಜಾಗುತ್ತದೆ. ತೋಫು ಚೌಕಗಳನ್ನು ಮೊದಲೇ ಉಪ್ಪುನೀರಿನಲ್ಲಿ ಕುದಿಸಿ ತೆಗೆದಿದ್ದರೆ ಚಮಚಕ್ಕೆ ಒಡೆಯದೆ ಬರುತ್ತವೆ, ನಡುಭಾಗದವರೆಗೂ ಬಿಸಿ ಇರುತ್ತವೆ. ಮೇಲೆ ಹುವಾಜಿಯಾವೊ ಪುಡಿ ಉದುರಿಸಿರಬೇಕು. ಬಾಯಿಗೆ ಸಿಹಿ ಸಿಕ್ಕಿತೋ, ಬಟಾಣಿ ಕ್ಯಾರೆಟ್ ಕಂಡವೋ, ಆ ಅಂಗಡಿಗೆ ಮತ್ತೆ ಹೋಗಬೇಕಾಗಿಲ್ಲ.

ಹುವಾಜಿಯಾವೊ ಅಂದರೆ ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ಬಳಸುವ ತೆಫಳ ಅಥವಾ ಜುಮ್ಮನಕಾಯಿಯ ಹತ್ತಿರದ ನೆಂಟ. ತುಟಿ ಜುಮ್ಮೆನ್ನಿಸುತ್ತದೆ. ನಿಂಬೆ ಜಾತಿಯ ಗಿಡಗಳಿಗೆ ರೋಗ ತರಬಹುದೆಂದು ಅಮೆರಿಕ 1968ರಿಂದ ಅದರ ಆಮದನ್ನು ನಿಷೇಧಿಸಿತ್ತು. ಕಾಳನ್ನು ಬಿಸಿಮಾಡಿ ತರಬೇಕೆಂಬ ಷರತ್ತಿನ ಮೇಲೆ ನಿಷೇಧ ತೆಗೆದದ್ದು 2005ರಲ್ಲಿ. ಆದ್ದರಿಂದ ಹಳೆಯ ಅಮೆರಿಕನ್ 'ಸೆಜ್ವಾನ್' ಅಂಗಡಿಗಳ ಅಡುಗೆಯಲ್ಲಿ ಬರೀ ಖಾರ ಇದ್ದು ಜುಮ್ಮು ಇಲ್ಲದಿದ್ದರೆ ಆಶ್ಚರ್ಯವಿಲ್ಲ. ಇನ್ನೊಂದು ಮಾತು: ಮಾಪೊ ತೋಫು, ಕೆಂಪೆಣ್ಣೆಯ ಮೀನು, ಒಣಮೆಣಸಿನಕಾಯಿಯ ಕೋಳಿ ಮೂರನ್ನೂ ಒಟ್ಟಿಗೆ ತರಿಸಿದರೆ ಎರಡನೆಯದರ ಹೊತ್ತಿಗೆ ನಾಲಿಗೆ ಮರಗಟ್ಟಿರುತ್ತದೆ, ಮೂರನೆಯದರ ದುಡ್ಡು ದಂಡ. ಜುಮ್ಮಿನದು ಒಂದು, ಹುಳಿಸಿಹಿಯದು ಒಂದು, ಏನೂ ಖಾರವಿಲ್ಲದ ಸೊಪ್ಪು ಒಂದು, ಬಿಳಿ ಅನ್ನ. ಅನ್ನಕ್ಕೆ ಬಟ್ಟಲಿನ ಲೆಕ್ಕದಲ್ಲಿ ಬೇರೆ ದುಡ್ಡು ಇರಬಹುದು. ಅದನ್ನು ಉಳಿಸಲು ಫ್ರೈಡ್ ರೈಸ್ ತರಿಸಬೇಡಿ, ಎರಡು ಮಸಾಲೆ ಒಂದರ ಮೇಲೊಂದು ಬಿದ್ದು ಯಾವುದೂ ತಿಳಿಯುವುದಿಲ್ಲ.

ಯಜಮಾನರ ವಿಷಯಕ್ಕೆ ಬರೋಣ, ತೊಂದರೆ ಇರುವುದು ಇಲ್ಲೇ. ಮೆನುವಿನ 'ತರಕಾರಿ' ಪುಟ ಸಸ್ಯಾಹಾರದ ಪುಟವಲ್ಲ. ಹುರಿದ ಬೀನ್ಸ್ ಪಲ್ಯದಲ್ಲಿ ಹಂದಿಯ ಖೀಮಾ ಒಂದು ಹಿಡಿ ಬಿದ್ದಿರುತ್ತದೆ. ಅಡುಗೆಯವರ ಲೆಕ್ಕದಲ್ಲಿ ಅದು ಮಾಂಸವಲ್ಲ, ಒಗ್ಗರಣೆ. ಯುಶಿಯಾಂಗ್ ಬದನೆಕಾಯಿಗೆ 'ಮೀನಿನ ಪರಿಮಳ' ಅಂತ ಬರೆದಿದ್ದರೂ ಮೀನು ಇರುವುದಿಲ್ಲ, ಆದರೆ ಖೀಮಾ ಇರಬಹುದು. ಮಾಪೊ ತೋಫುವಿನದೂ ಅದೇ ಪಾಡು. 'ಮಾಂಸ ಬೇಡ' ಎಂದರೆ ತುಂಡು ತೆಗೆಯುತ್ತಾರೆ. ಮಾಂಸದ ಸಾರು, ಹಂದಿ ಕೊಬ್ಬು, ಆಯ್ಸ್ಟರ್ (ಸಿಂಪಿ) ಸಾಸ್, ಒಣಸೀಗಡಿ ಉಳಿದುಕೊಳ್ಳುತ್ತವೆ. ಈ ನಾಲ್ಕನ್ನೂ ಖೀಮಾವನ್ನೂ ಒಂದೊಂದಾಗಿ ಹೆಸರಿಸಿ, ಚೀನೀ ಲಿಪಿಯಲ್ಲಿ ಬರೆಸಿ, ಫೋನಿನಲ್ಲಿ ಇಟ್ಟುಕೊಳ್ಳಿ. ಮಗಳ ಸ್ನೇಹಿತರಲ್ಲಿ ಚೀನೀ ಬಲ್ಲವರೊಬ್ಬರು ಸಿಕ್ಕರೆ ಐದು ನಿಮಿಷದ ಕೆಲಸ. ಆರ್ಡರ್ ಕೊಡುವ ಮೊದಲು ತೋರಿಸಬೇಕು, ತಟ್ಟೆ ಬಂದ ಮೇಲೆ ಅಲ್ಲ. ಆಗ ಅಡುಗೆಯವರೇ ಏನಾಗುತ್ತದೆ, ಏನಾಗುವುದಿಲ್ಲ ಹೇಳುತ್ತಾರೆ. ಇಲ್ಲ ಎಂದರೆ ನಂಬಿ. ಎಲ್ಲದಕ್ಕೂ ತಲೆ ಆಡಿಸುವ ಜಾಗದಲ್ಲಿಯೇ ಅನುಮಾನ ಇರಲಿ.

ಅತ್ತೆಯವರಿಗೆ ಇದಾವುದೂ ಸಾಲದು. ಅವರಿಗೆ ಬೌದ್ಧ ಸಸ್ಯಾಹಾರಿ ಹೋಟೆಲು ಬೇಕು. ಕಟ್ಟುನಿಟ್ಟಿನ ಚೀನೀ ಬೌದ್ಧರು ಐದು 'ಘಾಟು'ಗಳನ್ನು ಬಿಡುತ್ತಾರೆ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಸೇರಿವೆ. ಸ್ವಾರಸ್ಯವೆಂದರೆ ಇಂಗೂ ಆ ನಿಷೇಧದ ಪಟ್ಟಿಯಲ್ಲಿದೆ. ಆದರೆ ಸಸ್ಯಾಹಾರಿ ಎಂದು ಬೋರ್ಡು ಹಾಕಿದ ಎಲ್ಲರೂ ಆ ಐದನ್ನು ಬಿಟ್ಟಿರುವುದಿಲ್ಲ, ಬೆಳ್ಳುಳ್ಳಿ ಇದೆಯೇ ಅಂತ ಕೇಳಿಯೇ ಕೂರಿ. ಬಾತುಕೋಳಿ, ಹಂದಿ ಅಂತ ಹೆಸರಿಟ್ಟು ಸೋಯಾ, ಗೋಧಿಯ ಗ್ಲುಟನ್‌ನಲ್ಲಿ ಮಾಡಿದ ತಿನಿಸು ಬರುತ್ತದೆಂದು ಅವರಿಗೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಮೆನು ಓದಿಯೇ ಎದ್ದುಬಿಡುತ್ತಾರೆ.

ಯಜಮಾನರಿಗೆ ಶಿಯಾನ್ ಊಟ ಸುಲಭ. ಲಿಯಾಂಗ್‌ಪಿ ಎಂಬ ತಣ್ಣನೆಯ ಶಾವಿಗೆಗೆ ಗೋಧಿ ಹಿಟ್ಟಿನ ಮುದ್ದೆಯನ್ನು ನೀರಿನಲ್ಲಿ ಕಿವುಚುತ್ತಾರೆ. ಕೆಳಗಿಳಿದ ಗಂಜಿಯನ್ನು ತಟ್ಟೆಯಲ್ಲಿ ಹುಯ್ದು ಹಬೆಯಲ್ಲಿ ಬೇಯಿಸಿ ಪಟ್ಟಿ ಕತ್ತರಿಸುತ್ತಾರೆ. ಕೈಯಲ್ಲಿ ಉಳಿದ ಗ್ಲುಟನ್ನನ್ನೂ ಬೇಯಿಸಿ ಸ್ಪಂಜಿನಂಥ ತುಂಡು ಮಾಡಿ ಜೊತೆಗೆ ಹಾಕುತ್ತಾರೆ. ವಿನೆಗರ್, ಮೆಣಸಿನಕಾಯಿ ಎಣ್ಣೆ, ಸೌತೆಕಾಯಿ. ಸಾಮಾನ್ಯವಾಗಿ ಮಾಂಸವಿಲ್ಲ. ಬಿಯಾಂಗ್‌ಬಿಯಾಂಗ್ ಎಂಬ ಬೆಲ್ಟಿನಗಲದ ನೂಡಲ್ಸನ್ನು ಖಾರದ ಪುಡಿಯ ಮೇಲೆ ಕಾದೆಣ್ಣೆ ಸುರಿಯುವ ಬಗೆಯಲ್ಲಿ ಕೇಳಿ. ಅಲ್ಲೇ ನಿಂತು ತಿನ್ನಬೇಕು. ಡಬ್ಬಿಗೆ ಹಾಕಿಸಿ ಎಡಿಸನ್ ತನಕ ಒಯ್ದರೆ ಒಂದಕ್ಕೊಂದು ಅಂಟಿ ಮುದ್ದೆಯಾಗಿರುತ್ತದೆ. ಈಗ ನಗರದ ತುಂಬ ಶಾಖೆಗಳಿರುವ ಶಿಯಾನ್ ಫೇಮಸ್ ಫುಡ್ಸ್ ಇದನ್ನೇ ಮಾರುತ್ತ ಮೇನ್ ಸ್ಟ್ರೀಟಿನ ಗೋಲ್ಡನ್ ಶಾಪಿಂಗ್ ಮಾಲ್‌ನ ನೆಲಮಾಳಿಗೆಯಲ್ಲಿ ಸಣ್ಣದಾಗಿ ಶುರುವಾದದ್ದು.

ಡೋಂಗ್‌ಬೈ, ಅಂದರೆ ಹಳೆಯ ಮಂಚೂರಿಯಾದ ಅಂಗಡಿಯಲ್ಲಿ ದಿ ಸಾನ್ ಶಿಯಾನ್ ಕೇಳಿ: ಆಲೂಗಡ್ಡೆ, ಬದನೆಕಾಯಿ, ದೊಣ್ಣೆಮೆಣಸು ಕರಿದು ಬೆಳ್ಳುಳ್ಳಿ, ಸೋಯಾ ಸಾಸಿನಲ್ಲಿ ಹೊರಳಿಸಿದ್ದು. ಬದನೆಕಾಯಿ ಹಿಂಡಿದರೆ ಎಣ್ಣೆ ಒಸರುವಂತಿದ್ದರೆ ಎಣ್ಣೆ ಕಾಯುವ ಮೊದಲೇ ಹಾಕಿದ್ದಾರೆ. ನಿಮ್ಮ ಮಗಳಿಗೆ ನಿಜವಾದ ಮಂಚೂರಿಯ ರುಚಿ ತೋರಿಸಬೇಕಿದ್ದರೆ ಇಲ್ಲೇ, ಹುಳಿ ಬರಿಸಿದ ಎಲೆಕೋಸು ಮತ್ತು ಹಂದಿ ತುಂಬಿದ ಜಿಯಾವ್‌ಜಿ ಎಂಬ ಕಡುಬು ತರಿಸಿ.

ಕ್ಯಾಂಟನ್ ಕಡೆಯ ಸಣ್ಣ ಸಣ್ಣ ತಿಂಡಿಗಳ ಊಟವಾದ ಡಿಮ್ ಸಮ್‌ಗೆ ಗಡಿಯಾರ ಮುಖ್ಯ. ಭಾನುವಾರ ಹತ್ತೂವರೆಗೆ ಕೂತಿರಬೇಕು. ಎರಡು ಗಂಟೆಯ ಮೇಲೆ ಹೋದರೆ ಬೆಳಗಿನಿಂದ ಹಬೆಯಲ್ಲಿ ಕೂತದ್ದೇ ಬರುತ್ತದೆ. ಹಾರ್ ಗೌ ಎಂಬ ಸೀಗಡಿ ಕಡುಬನ್ನು ಎತ್ತಿದಾಗ ಹೊರಪದರ ಕೆಳಗಿನ ಕಾಗದಕ್ಕೆ ಅಂಟಿ ಹರಿದರೆ ಅದು ಹಳೆಯದು. ಶಾಂಘೈ ಕಡೆಯ ಶಾವೊಲಾಂಗ್‌ಬಾವೊ ಎಂಬ ಕಡುಬಿನ ಒಳಗಿನ ಸಾರು ಹಂದಿಯ ಚರ್ಮ ಬೇಯಿಸಿ ಹೆಪ್ಪುಗಟ್ಟಿಸಿದ್ದು, ಯಜಮಾನರಿಗೆ ಆಗದು. ನಿಮಗೆ, ಮಗಳಿಗೆ ಒಂದು ಬುಟ್ಟಿ ಸಾಕು. ಚಮಚದಲ್ಲಿಟ್ಟು ಪಕ್ಕದಲ್ಲಿ ಸ್ವಲ್ಪ ಕಚ್ಚಿ ಸಾರು ಹೀರಿದ ಮೇಲೆ ತಿನ್ನಿ. ಇಡಿಯಾಗಿ ಬಾಯಿಗೆ ಹಾಕಿಕೊಂಡರೆ ಅಂಗುಳು ಸುಡುತ್ತದೆ.

ಸ್ಟಾರ್‌ಗಳ ಬಗ್ಗೆ. ಅದನ್ನು ಕೊಡುವವರಲ್ಲಿ ಹೆಚ್ಚಿನವರು ಬಡಿಸುವವರ ಮುಖ ಗಂಟಿಕ್ಕಿತ್ತು, ನೀರು ತಡವಾಯಿತು ಅಂತ ಕಳೆಯುತ್ತಾರೆ. ಸ್ಟಾರ್ ಬಿಟ್ಟು ಜನ ಹಾಕಿದ ಫೋಟೋ ನೋಡಿ. ಒಂದೇ ತಿನಿಸು ಮತ್ತೆ ಮತ್ತೆ, ಬೇರೆ ಬೇರೆ ಮೇಜಿನ ಮೇಲೆ, ಒಂದೇ ಬಣ್ಣದಲ್ಲಿ ಕಂಡರೆ ಅದು ಆ ಅಡುಗೆಯವರ ಕೈಗೆ ಒಗ್ಗಿದ್ದು. ಕಿಟಕಿಯಲ್ಲಿ ಅಂಟಿಸಿರುವ ಎ, ಬಿ, ಸಿ ಕಾರ್ಡು ರುಚಿಯದ್ದಲ್ಲ, ನಗರದ ಆರೋಗ್ಯ ಇಲಾಖೆ 2010ರಲ್ಲಿ ಶುರುಮಾಡಿದ ಶುಚಿತ್ವದ ಗುರುತು. ತಪ್ಪಿನ ಅಂಕ 13ರವರೆಗೆ ಇದ್ದರೆ ಎ, 27ರವರೆಗೆ ಬಿ, ಅದರ ಮೇಲೆ ಸಿ. ಬಿ ಇದ್ದರೆ ಹಿಂಜರಿಯಬೇಕಾಗಿಲ್ಲ. ಸಿ ಇದ್ದರೆ ಹಸಿ ಸೌತೆಕಾಯಿ, ತಣ್ಣನೆಯ ತಿನಿಸು ಬಿಟ್ಟು ಬಿಸಿಯದನ್ನೇ ತಿನ್ನಿ, ಇಲ್ಲವೇ ಪಕ್ಕದ ಅಂಗಡಿಗೆ ಹೋಗಿ.

ನಾಲ್ಕು ಜನಕ್ಕೆ ಒಂದು ತಣ್ಣನೆಯದು ಸೇರಿ ನಾಲ್ಕು ತಿನಿಸು ಧಾರಾಳ. ಸಣ್ಣ ಅಂಗಡಿಗಳಲ್ಲಿ ಕೆಲವರು ನಗದು ಮಾತ್ರ ತೆಗೆದುಕೊಳ್ಳುತ್ತಾರೆ, ಕೈಯಲ್ಲಿ 60 ಡಾಲರ್ ಇರಲಿ. ನಾಲ್ವರೂ ಒಟ್ಟಿಗೆ ಹೋಗುವ ದಿನ ಫುಡ್ ಕೋರ್ಟೇ ವಾಸಿ. ರೂಸ್‌ವೆಲ್ಟ್ ಅವೆನ್ಯೂವಿನ ನ್ಯೂ ವರ್ಲ್ಡ್ ಮಾಲ್‌ನ ಕೆಳಗೆ ಒಂದೊಂದು ಕೌಂಟರಿನದು ಒಂದೊಂದು ಊರು, ಒಬ್ಬೊಬ್ಬರು ಒಂದೊಂದು ಕಡೆ ತರಬಹುದು.

ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ನಾವೇ ಬೇಯಿಸಿಕೊಂಡು ತಿನ್ನುವ ಹಾಟ್‌ಪಾಟ್‌ಗೆ ಮಾತ್ರ ಯಜಮಾನರನ್ನು ಕೇಳದೆ ಕರೆದೊಯ್ಯಬೇಡಿ. ಎರಡು ಭಾಗದ ಪಾತ್ರೆ ತರಿಸಿ ಒಂದು ಕಡೆ ಅಣಬೆ ಸಾರು ಹಾಕಿಸಿದರೆ ಮುಗಿಯಿತು ಎಂದುಕೊಳ್ಳುತ್ತೀರಿ. ಚೋಂಗ್‌ಚಿಂಗ್‌ನ ಕೆಂಪು ಸಾರು ದನದ ಕೊಬ್ಬಿನಲ್ಲಿ ಮಾಡಿದ್ದು, ಕುದಿ ಬಂದಾಗ ನಡುವಿನ ಗೋಡೆ ದಾಟಿ ಈ ಕಡೆ ಸಿಡಿಯುತ್ತದೆ. ಅಣಬೆ ಸಾರಿನ ಬುಡದಲ್ಲೂ ಎಷ್ಟೋ ಕಡೆ ಕೋಳಿ ಎಲುಬಿನ ನೀರಿರುತ್ತದೆ. ಒಬ್ಬೊಬ್ಬರಿಗೆ ಬೇರೆ ಬೇರೆ ಸಣ್ಣ ಪಾತ್ರೆ ಕೊಡುವ ಅಂಗಡಿ ಹುಡುಕಿ, ಅವರ ಪಾತ್ರೆಗೆ ಬರೀ ಬಿಸಿನೀರು ಹಾಕಿಸಿ, ಶುಂಠಿ, ಟೊಮ್ಯಾಟೊ, ಅಣಬೆಯನ್ನು ಎದುರಿಗೇ ಹಾಕಿಕೊಳ್ಳಲಿ. ಅದ್ದಿಕೊಳ್ಳುವ ಚಟ್ನಿಯನ್ನು ಎಳ್ಳಿನ ಪೇಸ್ಟು, ಕೊತ್ತಂಬರಿ, ವಿನೆಗರ್ ಸೇರಿಸಿ ಅವರೇ ಕಲಸಿಕೊಳ್ಳಬಹುದು. ಅದರ ಪಕ್ಕದಲ್ಲೇ ಇಟ್ಟಿರುವ ಷಾಚಾ ಎಂಬ ಕಂದು ಸಾಸಿನಲ್ಲಿ ಒಣಸೀಗಡಿ, ಮೀನು ಎರಡೂ ಇರುತ್ತವೆ.